ಕರೆಯೋದು ಸಂವಾದಕ್ಕೆ, ಕೊಡದಿರೋದು ವೀಸಾ: ಮೆಡಿಟರೇನಿಯನ್‌ಗೆ ಯುರೋಪಿನ ಸಾಂಸ್ಕೃತಿಕ ದುಡ್ಡು ಬೇಕಾ?

1995ರ ನವೆಂಬರ್‌ನಲ್ಲಿ ಯುರೋಪ್ ಒಕ್ಕೂಟದ ಆಗಿನ 15 ದೇಶಗಳು ಮತ್ತು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ, ಮೊರಾಕೊದಿಂದ ಟರ್ಕಿವರೆಗಿನ 12 ಪಾಲುದಾರರು ಬಾರ್ಸಿಲೋನಾದಲ್ಲಿ ಸೇರಿ ಒಂದು ಘೋಷಣೆಗೆ ಒಪ್ಪಿದರು. ಅದರಲ್ಲಿ ಮೂರು ಭಾಗ. ರಾಜಕೀಯ ಮತ್ತು ಭದ್ರತೆ ಒಂದು, ವ್ಯಾಪಾರ ಇನ್ನೊಂದು, ಸಂಸ್ಕೃತಿ ಮತ್ತು ಜನರ ಒಡನಾಟ ಮೂರನೆಯದು. ಈ ಮೂರನೆಯದಕ್ಕೆ ಅವತ್ತಿನಿಂದಲೂ ಬ್ರಸೆಲ್ಸ್, ಅಂದರೆ ಯುರೋಪ್ ಒಕ್ಕೂಟದ ಆಡಳಿತ, ದುಡ್ಡು ಹಾಕುತ್ತಾ ಬಂದಿದೆ. ಯುವಜನರ ವಿನಿಮಯ, ಸಿನಿಮಾ, ಹಳೆಯ ಕಟ್ಟಡಗಳ ರಕ್ಷಣೆ, ಸ್ವಯಂಸೇವಾ ಸಂಸ್ಥೆಗಳ ಜಾಲ, ಹೀಗೆ. ಇದು ಮುಂದುವರಿಯಬೇಕಾ? ಎರಡೂ ಕಡೆ ನಿಂತು ಬರೆದಿದ್ದೇನೆ. ವಿರೋಧದ ಕಡೆ ಬರೆಯೋದು ಸುಲಭವಾಯಿತು ಅಂತ ಮೊದಲೇ ಹೇಳಿಬಿಡುತ್ತೇನೆ.

ಪರ: ಸರ್ಕಾರಗಳು ಕೈಚೆಲ್ಲಿದಾಗಲೂ ಇದು ನಿಂತಿತ್ತು

ಬಾರ್ಸಿಲೋನಾದ ಉಳಿದೆರಡು ಭಾಗಗಳ ಗತಿ ನೋಡಿ. 2010ರೊಳಗೆ ಇಡೀ ಪ್ರದೇಶ ಒಂದು ಮುಕ್ತ ವ್ಯಾಪಾರ ವಲಯ ಆಗಬೇಕಿತ್ತು. ಆಗಲಿಲ್ಲ. 2008ರ ಜುಲೈನಲ್ಲಿ ಫ್ರಾನ್ಸಿನ ಅಧ್ಯಕ್ಷ ನಿಕೊಲಾ ಸರ್ಕೋಜಿ ಪ್ಯಾರಿಸ್‌ನಲ್ಲಿ ಭರ್ಜರಿ ಸಮಾರಂಭ ಮಾಡಿ ಮೆಡಿಟರೇನಿಯನ್ ಒಕ್ಕೂಟ ಶುರು ಮಾಡಿದರು. ಅದೇ ವರ್ಷದ ಕೊನೆಗೆ ಗಾಜಾದಲ್ಲಿ ಯುದ್ಧ. ಒಕ್ಕೂಟದ ಸಭೆಗಳು ತಿಂಗಳುಗಟ್ಟಲೆ ನಿಂತವು. 2010ರ ಶೃಂಗಸಭೆಯನ್ನು ಒಂದು ಸಲ ಮುಂದೂಡಿದರು, ಇನ್ನೊಂದು ಸಲ ಮುಂದೂಡಿದರು, ಕೊನೆಗೆ ಕೈಬಿಟ್ಟರು.

ಇಷ್ಟರ ನಡುವೆಯೂ ಈ ದೇಶಗಳ ಜನರ ನಡುವೆ ಸಂವಾದ ಬೆಳೆಸಲು ಕಟ್ಟಿದ ಆನಾ ಲಿಂಡ್ ಫೌಂಡೇಶನ್ ಕೆಲಸ ಮಾಡುತ್ತಲೇ ಇತ್ತು. 2003ರಲ್ಲಿ ಸ್ಟಾಕ್‌ಹೋಮ್‌ನ ಅಂಗಡಿಯೊಂದರಲ್ಲಿ ಚೂರಿ ಇರಿತಕ್ಕೆ ಬಲಿಯಾದ ಸ್ವೀಡನ್ನಿನ ವಿದೇಶಾಂಗ ಸಚಿವೆಯ ಹೆಸರು ಇದಕ್ಕಿದೆ. 2005ರಿಂದ ಇದರ ಕಚೇರಿ ಇರುವುದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ, ಬ್ರಸೆಲ್ಸ್‌ನಲ್ಲಲ್ಲ. ಖರ್ಚನ್ನು ಯುರೋಪ್ ಒಕ್ಕೂಟದ ಜೊತೆ ಸದಸ್ಯ ದೇಶಗಳೂ ಹೊರುತ್ತವೆ. ಒಂದೊಂದು ದೇಶದಲ್ಲಿ ಒಂದೊಂದು ಜಾಲ, ಎಲ್ಲ ಸೇರಿ 3,000ಕ್ಕೂ ಹೆಚ್ಚು ಸಂಸ್ಥೆಗಳು. ಇಸ್ರೇಲಿನ ಜಾಲ, ಪ್ಯಾಲೆಸ್ಟೀನಿನ ಜಾಲ ಒಂದೇ ಪಟ್ಟಿಯಲ್ಲಿವೆ. ಮಂತ್ರಿಗಳು ಒಂದೇ ಕೋಣೆಯಲ್ಲಿ ಕೂರಲು ಒಪ್ಪದ ವರ್ಷಗಳಲ್ಲೂ ಆ ಪಟ್ಟಿ ಉಳಿಯಿತು. 2011ರಲ್ಲಿ ಅರಬ್ ದೇಶಗಳ ಬೀದಿಗಳು ತುಂಬಿದಾಗ ಇದೇ ಸಂಸ್ಥೆ ಬ್ರಿಟಿಷ್ ಕೌನ್ಸಿಲ್ ಜೊತೆ ಸೇರಿ ಹುಡುಗ ಹುಡುಗಿಯರಿಗೆ ಚರ್ಚೆ ಮಾಡೋದನ್ನು ಕಲಿಸಲು ಹೊರಟಿತು. ಸಣ್ಣ ಕೆಲಸ ಅನ್ನಿಸಬಹುದು. ದಶಕಗಳ ಕಾಲ ಎದುರು ಮಾತಾಡಲು ಬಿಡದಿದ್ದ ಕಡೆ ಅದು ಸಣ್ಣದಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಟ್ಯುನೀಷಿಯಾ. 2013ರ ಫೆಬ್ರವರಿಯಲ್ಲಿ ವಿರೋಧ ಪಕ್ಷದ ಒಬ್ಬ ನಾಯಕನ ಕೊಲೆಯಾಯಿತು, ಜುಲೈನಲ್ಲಿ ಇನ್ನೊಬ್ಬನದು. ಸಂವಿಧಾನ ಬರೆಯುತ್ತಿದ್ದ ಸಭೆ ಕೆಲಸ ನಿಲ್ಲಿಸಿತು. ಅದೇ ಜುಲೈನಲ್ಲಿ ಈಜಿಪ್ಟಿನಲ್ಲಿ ಸೈನ್ಯ ಅಧಿಕಾರ ಹಿಡಿದಿತ್ತು. ಮುಂದಿನ ಸರದಿ ಟ್ಯುನೀಷಿಯಾದ್ದೇ ಅಂತ ಅನ್ನಿಸುವ ಹೊತ್ತು. ಆಗ ಪಕ್ಷಗಳನ್ನು ಕೂರಿಸಿ ಮಾತಾಡಿಸಿದ್ದು ಕಾರ್ಮಿಕರ ಸಂಘ ಯುಜಿಟಿಟಿ, ಉದ್ಯಮಿಗಳ ಸಂಘ, ಮಾನವ ಹಕ್ಕುಗಳ ಲೀಗ್ ಮತ್ತು ವಕೀಲರ ಸಂಘ. 2014ರ ಜನವರಿಯಲ್ಲಿ ಸಂವಿಧಾನ ಬಂತು. 2015ರಲ್ಲಿ ಈ ನಾಲ್ಕರ ಕೂಟಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ಕಿತು.

ಇವನ್ನು ಯುರೋಪ್ ಹುಟ್ಟಿಸಲಿಲ್ಲ. ಯುಜಿಟಿಟಿ 1946ರದು, ದೇಶದ ಸ್ವಾತಂತ್ರ್ಯಕ್ಕಿಂತ ಹಳೆಯದು. ಆದರೆ ಸರ್ವಾಧಿಕಾರಿ ಬೆನ್ ಅಲಿಯ ಕಾಲದಲ್ಲಿ ಮಾನವ ಹಕ್ಕುಗಳ ಲೀಗ್‌ಗೆ ಬರಬೇಕಿದ್ದ ಯುರೋಪ್ ಒಕ್ಕೂಟದ ಹಣವನ್ನು ಸರ್ಕಾರ ತಡೆಹಿಡಿದಿತ್ತು. ಪೊಲೀಸ್ ಬಲದ ಮೇಲೆ ದೇಶ ಆಳುವವನಿಗೂ ಆ ಸಣ್ಣ ಮೊತ್ತ ಕಣ್ಣು ಕುಕ್ಕಿತು ಅಂದರೆ, ಅದನ್ನು ದಂಡದ ಖರ್ಚು ಅನ್ನೋದು ಹೇಗೆ? ಇಂಥ ಸಂಘಟನೆಗಳನ್ನು ಬೆಸೆಯುವ ಯುರೋಮೆಡ್ ರೈಟ್ಸ್ ಅನ್ನುವ ಜಾಲ 1997ರಲ್ಲಿ ಕೋಪನ್‌ಹೇಗನ್‌ನಲ್ಲಿ ಶುರುವಾಯಿತು. ಊರಲ್ಲಿ ಬಾಯಿ ಕಟ್ಟಿದಾಗ ಹೊರಗೆ ದನಿ ಎತ್ತಲು ಯಾರಾದರೂ ಬೇಕಲ್ವಾ?

ಇನ್ನೊಂದು ಮಾತು. ಮೊರಾಕೊ-ಅಲ್ಜೀರಿಯಾ ಗಡಿ 1994ರಿಂದ ಮುಚ್ಚಿದೆ. ಈ ಕಡೆ ಉಜ್ದಾ, ಆ ಕಡೆ ತ್ಲೆಮ್ಸೆನ್. ಎರಡೂ ಊರಲ್ಲಿ ಹಳೆಯ ಮುಸ್ಲಿಂ ಸ್ಪೇನಿನಿಂದ ಬಂದ ಒಂದೇ ಆಂಡಲೂಸಿ ಸಂಗೀತ ಪರಂಪರೆ. ಆ ಸಂಗೀತಗಾರರು ಕಾರಿನಲ್ಲಿ ಹೋಗಿ ಬರಬಹುದಾದಷ್ಟು ಹತ್ತಿರದಲ್ಲಿದ್ದಾರೆ, ಆದರೆ ಹೋಗುವಂತಿಲ್ಲ. ಫ್ರಾನ್ಸಿನ ಮಾರ್ಸೇಲ್‌ನ ವೇದಿಕೆಯಾದರೂ ಅವರನ್ನು ಸೇರಿಸಿದರೆ ತಪ್ಪೇನು? ವೀಸಾ ಸಮಸ್ಯೆ ಇದೆ, ಹೌದು. ಹಾಗಿದ್ದರೆ ವೀಸಾ ನಿಯಮ ಸರಿಮಾಡಿ.

ವಿರೋಧ: ಒಂದು ಕೈಯಲ್ಲಿ ಆಹ್ವಾನ, ಇನ್ನೊಂದರಲ್ಲಿ ಬೀಗ

"ವೀಸಾ ನಿಯಮ ಸರಿಮಾಡಿ." ಎಷ್ಟು ಸಲೀಸು! ಮೂವತ್ತು ವರ್ಷದಲ್ಲಿ ನಿಯಮ ಬಿಗಿಯಾಗುತ್ತಲೇ ಬಂದಿದೆ. ಯುರೋಪಿನ ಹೆಚ್ಚಿನ ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾದ ಶುಲ್ಕ 2020ರಲ್ಲಿ 60ರಿಂದ 80 ಯೂರೋ ಆಯಿತು, 2024ರಲ್ಲಿ 90. ಅರ್ಜಿ ತಿರಸ್ಕಾರವಾದರೆ ದುಡ್ಡು ವಾಪಸ್ ಇಲ್ಲ. ಈ ಅನುಭವ ನಮ್ಮೂರಿನವರಿಗೂ ಗೊತ್ತು. 2021ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಡೀಪಾರಾದವರನ್ನು ಆಯಾ ಸರ್ಕಾರಗಳು ವಾಪಸ್ ಕರೆಸಿಕೊಳ್ಳುತ್ತಿಲ್ಲ ಅಂತ ಸಿಟ್ಟಾಗಿ ಮೊರಾಕೊ ಮತ್ತು ಅಲ್ಜೀರಿಯಾದ ಜನರಿಗೆ ಕೊಡುವ ವೀಸಾವನ್ನು ಅರ್ಧಕ್ಕೆ ಇಳಿಸಿತು, ಟ್ಯುನೀಷಿಯಾದವರಿಗೆ ಶೇ 30ರಷ್ಟು ಕಡಿಮೆ ಮಾಡಿತು. ಜಗಳ ಸರ್ಕಾರಗಳದು, ಶಿಕ್ಷೆ ನಾಟಕದವರಿಗೆ, ವಿದ್ಯಾರ್ಥಿಗಳಿಗೆ, ಮಗಳ ಬಾಣಂತನಕ್ಕೆ ಹೊರಟ ತಾಯಿಗೆ. ಮುಂದೆ ಅದನ್ನು ಹಿಂತೆಗೆದುಕೊಂಡರು. ಆದರೆ ಒಡನಾಟವನ್ನು ಚೌಕಾಸಿಗೆ ಇಡಬಹುದು ಅಂತ ಎಲ್ಲರಿಗೂ ಗೊತ್ತಾಯಿತು. ಊಟಕ್ಕೆ ಕರೆದು ಒಳಗಿನಿಂದ ಚಿಲಕ ಹಾಕಿಕೊಂಡ ಹಾಗಾಯಿತು ಇದು.

ಆ ಸಂಗೀತಗಾರರ ಉದಾಹರಣೆಯನ್ನೇ ತಗೊಳ್ಳಿ. ಮೊರಾಕೊದವರಿಗೂ ಅಲ್ಜೀರಿಯಾದವರಿಗೂ ಟ್ಯುನೀಷಿಯಾಕ್ಕೆ ಹೋಗಲು ವೀಸಾ ಬೇಕಿಲ್ಲ. ಟ್ಯುನಿಸ್‌ನಲ್ಲಿ ಸೇರಬಹುದು. ಮತ್ತೆ ಮಾರ್ಸೇಲ್ ಯಾಕೆ? ದುಡ್ಡು ಕೊಡುವವರ ಊರು ಅದು, ಅಷ್ಟೇ.

ದುಡ್ಡು ಯಾರಿಗೆ ಹೋಗುತ್ತದೆ ಅನ್ನೋದೂ ಮುಖ್ಯ. ಅರ್ಜಿ ಹತ್ತಾರು ಪುಟ, ಅದೂ ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿ. ಗುರಿ, ಸೂಚಕ, ಆಡಿಟ್. ಅದನ್ನು ಬರೆಯಬಲ್ಲವರು ಕೈರೋ, ಬೇರೂತ್, ರಬಾತ್‌ನ ಒಂದಿಷ್ಟು ಕಚೇರಿಗಳಲ್ಲಿದ್ದಾರೆ. ಹಳ್ಳಿಯ ನೀರಿನ ಸಂಘಕ್ಕೆ ಆ ಭಾಷೆ ಬರೋದಿಲ್ಲ. ಯಾವ ವಿಷಯದ ಮೇಲೆ ಕೆಲಸ ಮಾಡಬೇಕು ಅನ್ನೋದೂ ಯುರೋಪಿನಿಂದಲೇ ಬರುತ್ತದೆ. 2015ರ ಪ್ಯಾರಿಸ್ ದಾಳಿಗಳಾದ ಮೇಲೆ ಎಲ್ಲೆಲ್ಲೂ ಉಗ್ರವಾದ ತಡೆಯುವ ಯೋಜನೆಗಳೇ. ಅಲ್ಲಿಯವರೆಗೆ ಬೊಂಬೆಯಾಟ ಕಲಿಸುತ್ತಿದ್ದ ಸಂಘ ಕೂಡ ತಾನು ಉಗ್ರವಾದ ತಡೆಯುತ್ತೇನೆ ಅಂತ ಬರೆಯಬೇಕಾಗಿ ಬಂದರೆ ಯಾರನ್ನು ದೂರೋಣ?

ಇದಕ್ಕಿಂತ ಗಂಭೀರವಾದದ್ದು ಈಜಿಪ್ಟಿನ ಕಥೆ. 2011ರ ಡಿಸೆಂಬರ್‌ನಲ್ಲಿ ವಿದೇಶಿ ಹಣದ ಹೆಸರಲ್ಲಿ ಸಂಸ್ಥೆಗಳ ಕಚೇರಿಗಳ ಮೇಲೆ ದಾಳಿ ನಡೆಯಿತು. 2013ರ ಜೂನ್‌ನಲ್ಲಿ 43 ಜನರಿಗೆ ಶಿಕ್ಷೆಯಾಯಿತು. ಅವರಲ್ಲಿ ಅಮೆರಿಕದ ಸಂಸ್ಥೆಗಳವರಿದ್ದರು, ಜರ್ಮನಿಯ ಕೊನ್ರಾಡ್ ಅಡೆನೌಯರ್ ಫೌಂಡೇಶನ್‌ನವರೂ ಇದ್ದರು. ವಿದೇಶಿಯರಲ್ಲಿ ಹೆಚ್ಚಿನವರು ಅಷ್ಟರಲ್ಲಿ ವಿಮಾನ ಹತ್ತಿದ್ದರು. ಖುಲಾಸೆ ಆಗಿದ್ದು 2018ರಲ್ಲಿ. ಈ ನಡುವೆ 2016ರಲ್ಲಿ ಇದೇ ಪ್ರಕರಣದಡಿ ಈಜಿಪ್ಟಿನದೇ ಹಕ್ಕು ಸಂಘಟನೆಗಳ ಮುಖ್ಯಸ್ಥರ ಬ್ಯಾಂಕ್ ಖಾತೆ ಸ್ಥಗಿತವಾಯಿತು, ಪ್ರಯಾಣಕ್ಕೆ ನಿಷೇಧ ಬಿತ್ತು. ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆ ಜೊತೆ ಗುದ್ದಾಡಿದ ನಮ್ಮ ಎನ್‌ಜಿಒದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನ ದುಡ್ಡಿಗೆ ಒಗ್ಗಿದ ಸಂಘಟನೆಯನ್ನು ಮುಗಿಸೋದು ಸುಲಭ, ಒಂದು ಆದೇಶ ಸಾಕು.

ಟ್ಯುನೀಷಿಯಾದ ನೊಬೆಲ್ ಬಗ್ಗೆ ಹೇಳುವವರು ಆಮೇಲಿನದನ್ನೂ ಹೇಳಬೇಕು. 2021ರ ಜುಲೈನಲ್ಲಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತಿನ ಕೆಲಸ ನಿಲ್ಲಿಸಿದರು. ಎರಡು ವರ್ಷದ ನಂತರ, 2023ರ ಜುಲೈನಲ್ಲಿ, ಯುರೋಪ್ ಅವರ ಜೊತೆಯೇ ಒಪ್ಪಂದಕ್ಕೆ ಕೂತಿತು. ವಲಸೆ ತಡೆಯಲು 10.5 ಕೋಟಿ ಯೂರೋ ಕೊಡುವ ಮಾತಾಯಿತು. ತಮಾಷೆ ಅಂದರೆ, ಜನರ ನಡುವಿನ ಒಡನಾಟಕ್ಕೂ ಅದೇ ಒಪ್ಪಂದದಲ್ಲಿ ಒಂದು ಅಧ್ಯಾಯ ಇದೆ. 2024ರ ಮೇನಲ್ಲಿ ವಲಸಿಗರಿಗೆ ನೆರವಾಗುತ್ತಿದ್ದ ಸಂಸ್ಥೆಗಳವರು ಜೈಲು ಸೇರಿದರು. ಒಪ್ಪಂದ ಹಾಗೇ ಉಳಿಯಿತು. ಯುರೋಪಿಗೆ ದಾಟಲು ಹೋಗಿ ಮೆಡಿಟರೇನಿಯನ್ ಸಮುದ್ರದಲ್ಲಿ 2014ರಿಂದ 30,000ಕ್ಕೂ ಹೆಚ್ಚು ಜನ ಸತ್ತಿದ್ದಾರೆ ಅಥವಾ ಕಾಣೆಯಾಗಿದ್ದಾರೆ. ಅದರ ದಡದಲ್ಲಿ ಕೂತು ಸಂವಾದದ ಬ್ಯಾನರ್ ಕಟ್ಟೋದು ನೋಡಲು ಕಷ್ಟ.

ದುಡ್ಡು ಕೊಡಲೇಬೇಕಾ? ಹಾಗಾದರೆ 2007ರಲ್ಲಿ ಶುರುವಾದ, ಬೇರೂತ್‌ನಿಂದ ನಡೆಯುವ ಅಫಾಕ್ ಥರದ ಅರಬ್ ಕಲಾ ನಿಧಿಗಳಿಗೆ ಕೊಡಲಿ. ಅಲ್ಲಿಗೂ ಹೊರಗಿನ ಹಣ ಬರುತ್ತದೆ ನಿಜ, ಆದರೆ ಯಾರಿಗೆ ಹಂಚಬೇಕು ಅಂತ ಆ ಭಾಗದವರೇ ಕೂತು ತೀರ್ಮಾನಿಸುತ್ತಾರೆ. ಅದರ ಜೊತೆ ಕಲಾವಿದರಿಗೆ, ವಿದ್ಯಾರ್ಥಿಗಳಿಗೆ ಹಲವು ಬಾರಿ ಹೋಗಿಬರಬಹುದಾದ ಐದು ವರ್ಷದ ವೀಸಾ ಕೊಡಲಿ. ಅದಕ್ಕೆ ಬೇರೆ ಬಜೆಟ್ಟೂ ಬೇಕಾಗಿಲ್ಲ. ಅಷ್ಟಕ್ಕೂ ಒಪ್ಪದಿದ್ದರೆ ವಿನಿಮಯದ ಯೋಜನೆಗಳನ್ನು ಮುಚ್ಚಲಿ.