ರೆಗೇಗೆ ರೇಗಾಟ

ಇಂಗ್ಲೆಂಡಿನ ರಾಕ್ ತಂಡ ಲೆಡ್ ಝೆಪೆಲಿನ್ನಿನ ಅಭಿಮಾನಿಗಳು ನಾಲ್ಕು ಜನ ಒಂದು ಕೋಣೆಯಲ್ಲಿ ಸೇರಿದರೆ ಮೊದಲ ಅರ್ಧ ಗಂಟೆ ಭಜನಾ ಮಂಡಳಿಯಂತೆ ಇರುತ್ತಾರೆ. ಡ್ರಮ್ಮರ್ ಜಾನ್ ಬಾನಮ್‌ನ ಬಲಗಾಲಿಗೊಂದು ನಮಸ್ಕಾರ, ಗಿಟಾರಿನ ಜಿಮ್ಮಿ ಪೇಜ್‌ನ ಬೆರಳಿಗೊಂದು ನಮಸ್ಕಾರ, ಗಾಯಕ ರಾಬರ್ಟ್ ಪ್ಲಾಂಟ್‌ನ ಕೂದಲಿಗೂ ಒಂದು. ಆಮೇಲೆ ಯಾರೋ 1973ರ ‘ಹೌಸಸ್ ಆಫ್ ದ ಹೋಲಿ’ ಆಲ್ಬಮ್ ಹಾಕುತ್ತಾರೆ. ಮೊದಲ ಮಗ್ಗುಲು ಸುಸೂತ್ರವಾಗಿ ಕಳೆಯುತ್ತದೆ. ತಟ್ಟೆ ತಿರುವಿ ಹಾಕಿ, ಎರಡನೇ ಮಗ್ಗುಲಿನ ಎರಡನೇ ಹಾಡು ಶುರುವಾದ ಕೂಡಲೇ ಒಬ್ಬ ಎದ್ದು “ಕಾಫಿ ಮಾಡ್ತೀನಿ” ಅಂತ ಒಳಗೆ ಹೋಗುತ್ತಾನೆ. ವಿಧಾನಸೌಧದ ಭಾಷೆಯಲ್ಲಿ ಇದಕ್ಕೆ ಸಭಾತ್ಯಾಗ ಎನ್ನುತ್ತಾರೆ.

ಜಗಳ ಹಾಡಿನಿಂದ ಶುರುವಾಗುವುದಿಲ್ಲ, ಹಾಡಿನ ಹೆಸರಿನಿಂದಲೇ ಶುರು. ಕವರಿನ ಮೇಲೆ ಡಿ, ಅದರ ತಲೆ ಪಕ್ಕ ಒಂದು ಚುಕ್ಕಿಬಾಲ (ಅಪಾಸ್ಟ್ರಫಿ), ವೈ-ಇ-ಆರ್. ಆಮೇಲೆ ಎಂ-ಎ-ಕೆ, ಮತ್ತೊಂದು ಚುಕ್ಕಿಬಾಲ, ಇ-ಆರ್. ಇದ್ದದ್ದನ್ನು ಇದ್ದಂತೆ ಓದಿದರೆ ‘ಡೈಯರ್ ಮೇಕರ್’. ಅಮೆರಿಕದವರೂ ಹಾಗೇ ಓದಿದರು, ಆದ್ದರಿಂದ ನಾವು ನಾಚಿಕೊಳ್ಳಬೇಕಾಗಿಲ್ಲ. ಅದು ಹಳೇ ಇಂಗ್ಲಿಷ್ ಚಟಾಕಿಯೊಂದರ ಬಾಲ. “ನನ್ನ ಹೆಂಡತಿ ವೆಸ್ಟ್ ಇಂಡೀಸ್‌ಗೆ ಹೋದಳು” ಅಂತ ಒಬ್ಬ. “ಜಮೈಕಾ?” ಅಂತ ಇನ್ನೊಬ್ಬ. “ಇಲ್ಲಪ್ಪ, ಅವಳಾಗೇ ಹೋದಳು.” ಇಂಗ್ಲೆಂಡಿನವರು ‘ನೀನೇ ಕಳಿಸಿದ್ಯಾ’ ಅನ್ನುವ ಅರ್ಥದ ‘ಡಿಡ್ ಯೂ ಮೇಕ್ ಹರ್’ ಎಂಬ ನಾಲ್ಕು ಪದವನ್ನು ಗಡಿಬಿಡಿಯಲ್ಲಿ ನುಂಗಿ, ಕೊನೆಯ ‘ರ್’ ಅನ್ನೂ ನುಂಗಿ ಹೇಳಿದರೆ ಅದು ‘ಜಮೈಕಾ’ ಎಂದೇ ಕೇಳುತ್ತದೆ. ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆಯವರಾದ ನಮಗೆ ಇಲ್ಲಿ ಸಂಕಟ. ಅಕ್ಷರ ನೋಡಿ ‘ಡೈಯರ್ ಮೇಕರ್’ ಎಂದು ಬರೆದರೆ ತಪ್ಪು. ಕಿವಿ ನಂಬಿ ‘ಜಮೈಕಾ’ ಎಂದು ಬರೆದರೆ ಚಟಾಕಿಯ ಗಾಳಿ ಆಗಲೇ ಹೋಯಿತು. ಇದನ್ನೆಲ್ಲ ಬಿಡಿಸಿ ಹೇಳಲು ಬೇಕಾಗುವ ಸಮಯ ಸುಮಾರು ನಾಲ್ಕೂ ಕಾಲು ನಿಮಿಷ. ಹಾಡಿನ ಉದ್ದವೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಅನೇಕ ಕೂಟಗಳಲ್ಲಿ ಹೆಸರಿನ ಜಗಳ ಮುಗಿಯುವಷ್ಟರಲ್ಲಿ ಹಾಡು ಮುಗಿದಿರುತ್ತದೆ, ಮತ್ತೆ ಮುಳ್ಳು ಹಿಂದಕ್ಕೆ ಇಡಬೇಕಾಗುತ್ತದೆ.

ಎರಡನೇ ಸಲ ಕೇಳುವಾಗ ಮುಖ್ಯ ವಾದ, ಜಮೈಕಾದ ಸಂಗೀತ ಶೈಲಿಯಾದ ರೆಗೇ ಬಗ್ಗೆ. “ಇದು ರೆಗೇ ಕಣೋ.” “ಇದು ರೆಗೇ ಅಲ್ಲ ಕಣೋ, ರೆಗೇಯ ಅಣಕ.” ಸಾಕ್ಷಿ ಕೇಳಿದರೆ ಇಬ್ಬರೂ ಗಿಟಾರಿನ ಕಡೆ ಬೆರಳು ತೋರಿಸುತ್ತಾರೆ. ಎಡವುವುದು ಇಲ್ಲೇ. ಗಿಟಾರ್ ಬಹುಮಟ್ಟಿಗೆ ತನ್ನ ಪಾಡಿಗೆ ಸರಿಯಾಗಿಯೇ ಇದೆ. ವ್ಯಾಜ್ಯ ಇರುವುದು ಡ್ರಮ್ಮಿನಲ್ಲಿ, ಅದರಲ್ಲೂ ಒಂದೇ ಒಂದು ಪೆಟ್ಟಿನಲ್ಲಿ.

ರೆಗೇಯ ‘ಒನ್ ಡ್ರಾಪ್’ ನಡೆ ಅರ್ಥವಾಗಲು ‘ಇಡ್ಲಿವಡೆ’ ಸಾಕು. ಇಡ್, ಲಿ, ವ, ಡೆ. ನಾಲ್ಕು ಎಣಿಕೆ. ‘ಇಡ್’ ಅನ್ನು ಬಾಯಲ್ಲೇ ನುಂಗಿ. ಅಲ್ಲಿ ಡ್ರಮ್ಮಿಗೆ ಮೌನ. ‘ಲಿ’ ಬಂದಾಗ ಗಿಟಾರ್ ಚಕ್. ‘ವ’ ಬಂದಾಗ ಕಾಲಿನ ದೊಡ್ಡ ಡ್ರಮ್ಮೂ ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಅಂಚಿಗೆ ಕೋಲಿನ ಪೆಟ್ಟೂ ಒಟ್ಟಿಗೆ. ‘ಡೆ’ಗೆ ಮತ್ತೆ ಗಿಟಾರ್ ಚಕ್. ಮೊದಲ ಪೆಟ್ಟನ್ನು ಕೈಬಿಟ್ಟದ್ದರಿಂದಲೇ ಆ ಹೆಸರು. ಬಾಬ್ ಮಾರ್ಲಿಯ ವೇಲರ್ಸ್ ತಂಡದ ಡ್ರಮ್ಮರ್ ಕಾರ್ಲ್ಟನ್ ಬ್ಯಾರೆಟ್ ಈ ನಡೆಗೆ ಲೋಕಪ್ರಸಿದ್ಧ. ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವ ಅನಾಗತ ಎಡುಪ್ಪಿನ ಕೃತಿ ಕೇಳಿ ಬೆಳೆದವರಿಗೆ ಸಮದಲ್ಲಿ ಸಾಹಿತ್ಯ ಇಲ್ಲದಿರುವುದು ಹೊಸದೇನಲ್ಲ. ಆದರೆ ಕಛೇರಿಯಲ್ಲಿ ಆ ಜಾಗದಲ್ಲಿ ಕನಿಷ್ಠ ನೂರು ಅಂಗೈ ನೂರು ತೊಡೆ ಮೇಲೆ ಬೀಳುತ್ತವೆ. ರೆಗೇಯಲ್ಲಿ ಅದನ್ನು ನಿಮ್ಮ ಕಾಲೇ ನೋಡಿಕೊಳ್ಳಬೇಕು.

ಈಗ ಬಾನಮ್ ಕಡೆ ಬನ್ನಿ. 26 ಇಂಚಿನ ಬಾಸ್ ಡ್ರಮ್ ಇಟ್ಟುಕೊಂಡ ಮನುಷ್ಯನಿಗೆ “ಮೊದಲ ಪೆಟ್ಟು ಖಾಲಿ ಬಿಡಪ್ಪ” ಎಂದರೆ, ಮದುವೆ ಊಟಕ್ಕೆ ಕರೆದು “ಹೋಳಿಗೆ ಮುಟ್ಟಬೇಡಿ” ಎಂದ ಹಾಗೆ. ಅವನು ‘ಇಡ್’ ಮೇಲೆ ಕಾಲು ಇಟ್ಟೇ ಇಡುತ್ತಾನೆ, ‘ವ’ ಮೇಲೆ ಸ್ನೇರನ್ನು ಅಂಚಿಗಲ್ಲ, ನಡುನೆತ್ತಿಗೇ ಬಾರಿಸುತ್ತಾನೆ. ಅವನಿಗೆ ರೆಗೇ ಎಂದರೆ ಬೇಸರ, ಅದಕ್ಕೇ ಹಾಡಿನುದ್ದಕ್ಕೂ ಒಂದೇ ನಡೆ ನುಡಿಸಿದ ಎಂದು ಬಾಸ್ ಗಿಟಾರಿನ ಜಾನ್ ಪಾಲ್ ಜೋನ್ಸ್ ಆಮೇಲೆ ಹೇಳಿದ್ದುಂಟು. ಜೋನ್ಸ್‌ಗೂ ಈ ಹಾಡು ಕಂಡರಾಗದು. ಆದರೂ ಹಾಡು ಕಟ್ಟಿದವರು ಎಂದು ನಾಲ್ವರ ಹೆಸರೂ ಇದೆ. ಪಾಲು ಪಟ್ಟಿಯಲ್ಲಿ ಮುನಿಸಿಕೊಂಡ ದಾಯಾದಿಗೂ ಭಾಗ ಬರುತ್ತದಲ್ಲ, ಹಾಗೆ.

ನಮ್ಮ ತೀರ್ಪು ಕೇಳಿದರೆ: ಆ ಮುನಿಸೇ ಹಾಡನ್ನು ಉಳಿಸಿದ್ದು. ಗಿಟಾರ್ ಜಮೈಕಾಕ್ಕೆ ಎಳೆಯುತ್ತದೆ, ಡ್ರಮ್ಮು ಬರ್ಮಿಂಗ್‌ಹ್ಯಾಮ್ ಕಡೆಯ ತನ್ನೂರು ಬಿಟ್ಟು ಕದಲುವುದಿಲ್ಲ. ಬಾನಮ್ ಅಲ್ಲಿ ವಿಧೇಯ ವಿದ್ಯಾರ್ಥಿಯ ಹಾಗೆ ಒನ್ ಡ್ರಾಪ್ ನುಡಿಸಿದ್ದರೆ, ಈಗ ಜಗಳವಾಡಲು ಒಂದು ಹಾಡು ಕಡಿಮೆ ಇರುತ್ತಿತ್ತು.

ಮೂರನೆಯವನೊಬ್ಬ ಇರುತ್ತಾನೆ, ಇಷ್ಟು ಹೊತ್ತು ಕವರು ಓದುತ್ತಾ ಕೂತವನು. “ಇದು ರೆಗೇನೂ ಅಲ್ಲ ರಾಕೂ ಅಲ್ಲ, ಐವತ್ತರ ದಶಕದ ಪ್ರೇಮಗೀತೆ” ಅಂತ ಬಾಂಬ್ ಹಾಕುತ್ತಾನೆ. ಬೇಸರದ ವಿಷಯ ಏನೆಂದರೆ ಅವನ ಹತ್ತಿರ ದಾಖಲೆ ಇದೆ. ಆಲ್ಬಮ್ಮಿನ ಒಳಗಡೆ ಈ ಹಾಡಿನ ಸಾಹಿತ್ಯದ ಜೊತೆ ‘ರೋಸಿ ಅಂಡ್ ದಿ ಒರಿಜಿನಲ್ಸ್ ಎಲ್ಲಿ ಹೋದರು?’ ಎಂಬ ಅರ್ಥದ ಒಂದು ಸಾಲಿದೆ. 1960ರಲ್ಲಿ ಒಂದು ಪ್ರೇಮಗೀತೆಯಿಂದ ಹೆಸರಾಗಿ ಮರೆಯಾದ ಕ್ಯಾಲಿಫೋರ್ನಿಯಾದ ತಂಡ ಅದು. ಸ್ವರಮೇಳಗಳೂ ಅವನ ಪರ: ಸಿ, ಎ ಮೈನರ್, ಎಫ್, ಜಿ. ಆ ಕಾಲದ ಅರ್ಧಕ್ಕರ್ಧ ವಿರಹಗೀತೆಗಳು ಈ ನಾಲ್ಕರ ಮೇಲೇ ಅತ್ತಿವೆ. ರೆಗೇಗೂ ಐವತ್ತರ ದಶಕದ ಗಾಯಕ ರಿಕಿ ನೆಲ್ಸನ್ ಕಾಲದ ಹಾಡಿಗೂ ಗಂಟು ಹಾಕಿದ್ದು ಎಂದು ಪೇಜ್ ಕೂಡ ಹೇಳಿದ್ದಾನೆ, ಜನಕ್ಕೆ ಇದು ಅರ್ಥವಾಗಲಿಲ್ಲವಲ್ಲ ಎಂಬ ಅಚ್ಚರಿಯ ಜೊತೆ.

“ಹಾಗಾದ್ರೆ ನುಡಿಸೇ ನೋಡೋಣ” ಎಂದು ಯಾರಾದರೂ ಗೋಡೆಗೆ ಒರಗಿಸಿದ ಗಿಟಾರಿಗೆ ಕೈ ಹಾಕಿದರೆ ಅವಘಡಗಳ ಸರಣಿ ಶುರು. ಸಾಮಾನ್ಯವಾಗಿ ಆರೂ ತಂತಿ ಹಿಡಿದು, ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಒತ್ತಿ, ಬೋಂಡಾ ಕರಿಯುವ ಸದ್ದು ಮಾಡುತ್ತಾರೆ. ಪೆಡಲ್ ಆರಿಸಿ. ಆಂಪಿನಲ್ಲಿ ಟ್ರೆಬಲ್ ಏರಿಸಿ, ಬಾಸ್ ಇಳಿಸಿ. ಸಣ್ಣ ಮೂರು ತಂತಿ ಸಾಕು. (ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡ ಪಟ್ಟಿ.) ಐದನೇ ಫ್ರೆಟ್‌ನಲ್ಲಿ ಒಂದೇ ಬೆರಳು ಮೂರಕ್ಕೂ ಅಡ್ಡ ಇಟ್ಟರೆ ಎ ಮೈನರ್. ಅತಿ ಸಣ್ಣ ತಂತಿಯನ್ನು ಮಾತ್ರ ಮೂರನೇ ಫ್ರೆಟ್‌ಗೆ ತಂದರೆ ಸಿ. ಐದರಲ್ಲೇ ಅಡ್ಡ ಹಿಡಿದು ನಡುವಿನದ್ದನ್ನು ಆರಕ್ಕೆ ಏರಿಸಿದರೆ ಎಫ್. ಮೂರರಲ್ಲಿ ಎರಡು ಸಣ್ಣ ತಂತಿ ಹಿಡಿದು ಮೂರನೆಯದನ್ನು ನಾಲ್ಕರಲ್ಲಿ ಒತ್ತಿದರೆ ಜಿ. ಬಲಗೈ ಮೀಟಿದ ಮರುಕ್ಷಣ ಎಡಗೈ ಒತ್ತಡ ಸಡಿಲಿಸಬೇಕು, ಆದರೆ ಬೆರಳು ತಂತಿಯಿಂದ ಪೂರ್ತಿ ಎತ್ತಬಾರದು. ಎತ್ತಿದರೆ ಖಾಲಿ ತಂತಿ ಊಂ ಎನ್ನುತ್ತದೆ. ಸಡಿಲಿಸದಿದ್ದರೆ ‘ಚಕ್’ ಹೋಗಿ ‘ಚಾಂಯ್’ ಬರುತ್ತದೆ.

ಇಷ್ಟು ಸರಿಯಾದರೂ ಎಂಟನೇ ಸುತ್ತಿನ ಹೊತ್ತಿಗೆ ಇಡೀ ತಂಡ ತಲೆಕೆಳಗಾಗುತ್ತದೆ. ಕಾರಣ ಸರಳ. ಕಿವಿಗೆ ಅತಿ ಚುರುಕಾಗಿ ಕೇಳುವ ಸದ್ದೇ ‘ಒಂದು’ ಎಂದು ಮನಸ್ಸು ಲೆಕ್ಕ ಹಾಕಿಕೊಳ್ಳುತ್ತದೆ. ಡ್ರಮ್ಮರ್ ‘ಇಡ್’ ಅನ್ನು ಖಾಲಿ ಬಿಟ್ಟಿದ್ದಾನೆ, ಗಿಟಾರ್ ‘ಲಿ’ಯಲ್ಲಿ ಚುರುಕಾಗಿ ಕೂಗುತ್ತಿದೆ, ಕಾಲು ನಿಧಾನವಾಗಿ ‘ಲಿ’ ಕಡೆ ಜಾರುತ್ತದೆ. ಈಗ ನೀವು ನುಡಿಸುತ್ತಿರುವುದು ‘ಲಿವಡೆಇಡ್’. ಹಾಡುವವನು ಹಳೇ ಲೆಕ್ಕದಲ್ಲಿ ಬಾಯಿ ತೆರೆದು, ಎಲ್ಲರೂ ಅವನ ಕಡೆ ದುರುಗುಟ್ಟುವಾಗ, ತಪ್ಪು ಅವನದಲ್ಲ ಎಂದು ಅವನಿಗೂ ಗೊತ್ತಿರುವುದಿಲ್ಲ. ಮದ್ದು ಒಂದೇ: ಹಿಮ್ಮಡಿ ‘ಇಡ್’ಗೂ ‘ವ’ಗೂ ಬೀಳಬೇಕು, ಕೈ ಎರಡರ ನಡುವೆ. ಮೊದಲು ಗಿಟಾರಿಲ್ಲದೆ, ಚಪ್ಪಾಳೆಯಲ್ಲಿ, ಐದು ನಿಮಿಷ ಮಾಡಿ. ಪಕ್ಕದಲ್ಲಿ ಮೊದಲ ಪೆಟ್ಟಿಗೆ ತೊಡೆ ತಟ್ಟುವ ಉತ್ಸಾಹಿಯನ್ನು ಕೂರಿಸಬೇಡಿ.

ಇನ್ನೊಂದು ಅವಘಡ ಯಾರ ಕಣ್ಣಿಗೂ ಬೀಳುವುದಿಲ್ಲ. “ರೆಗೇಯಲ್ಲಿ ತೂಕ ಇಲ್ಲ ಗುರೂ” ಎನ್ನುವವನು ಅದನ್ನು ಕೇಳಿರುವುದು ಮೊಬೈಲಿನಲ್ಲಿ. ಬಾಸ್ ಗಿಟಾರಿನ ದಪ್ಪ ತಂತಿ ಖಾಲಿ ಮೀಟಿದರೆ ಸುಮಾರು 41 ಹರ್ಟ್ಸ್. ಬೆರಳುಗುರಿನಷ್ಟಿರುವ ಮೊಬೈಲ್ ಸ್ಪೀಕರಿನಲ್ಲಿ ಅದರ ನೆರಳೂ ಸುಳಿಯುವುದಿಲ್ಲ. ರೆಗೇಯಲ್ಲಿ ರಾಗ ಹೇಳುವುದೇ ಬಾಸ್. ಅದು ಹೋದರೆ ಉಳಿಯುವುದು ಚಕ್ ಚಕ್ ಮಾತ್ರ. ಸಾರು ಬಸಿದು ಕರಿಬೇವು ತಿಂದು ರುಚಿ ಹೇಳಿದ ಹಾಗೆ. ಚರ್ಚೆಗೆ ಮುಂಚೆ ಒಂದು ಒಳ್ಳೇ ಹೆಡ್‌ಫೋನ್ ಹಂಚಿದರೆ ಅರ್ಧ ಜಗಳ ಅಲ್ಲೇ ಇತ್ಯರ್ಥ.

“ಕಚೇರಿಯಲ್ಲಿ ಹೇಗೆ ನುಡಿಸಿದರು ನೋಡೋಣ” ಅಂದರೆ ಅದೂ ಇಲ್ಲ. ಅಮೆರಿಕದಲ್ಲಿ ಸಿಂಗಲ್ (ಬಿಡಿ ತಟ್ಟೆ) ಆಗಿ 20ನೇ ಸ್ಥಾನ ಮುಟ್ಟಿದ ಹಾಡನ್ನು ತಂಡ ವೇದಿಕೆಯಲ್ಲಿ ಒಮ್ಮೆಯೂ ಪೂರ್ತಿ ನುಡಿಸಲಿಲ್ಲ. ಅಂದಮಾತ್ರಕ್ಕೆ ಪರದೇಶದ ತಾಳ ಅವರಿಗೆ ಅಲರ್ಜಿ ಅನ್ನಲಾಗದು. 1972ರಲ್ಲೇ ಪೇಜ್ ಮತ್ತು ಪ್ಲಾಂಟ್ ಮುಂಬಯಿಗೆ ಬಂದು ಅಲ್ಲಿಯ ವಾದ್ಯಗಾರರ ಜೊತೆ ತಮ್ಮ ಎರಡು ಹಾಡು ಧ್ವನಿಮುದ್ರಿಸಿದ್ದರು. ಅವು ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ.

ಊರುಗಳ ಲೆಕ್ಕ ನೋಡಿದರೆ ಇನ್ನೂ ತಮಾಷೆ. ಈ ‘ಜಮೈಕಾ’ ಹುಟ್ಟಿದ್ದು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ, ಗಾಯಕ ಮಿಕ್ ಜಾಗರ್‌ನ ಹಳ್ಳಿಮನೆಯಲ್ಲಿ, ಅವನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನವರ ಸ್ಟುಡಿಯೋ ವ್ಯಾನು ತಂದು ನಿಲ್ಲಿಸಿಕೊಂಡು. ಅದೇ 1972ರ ಕೊನೆಗೆ ಸ್ಟೋನ್ಸ್ ನಿಜವಾಗಿಯೂ ಜಮೈಕಾದ ಕಿಂಗ್‌ಸ್ಟನ್‌ಗೆ ಹೋಗಿ ಒಂದು ಆಲ್ಬಮ್ ಮಾಡಿಕೊಂಡು ಬಂದರು. ಅದರಲ್ಲಿ ರೆಗೇ ಹಾಡು ಒಂದೂ ಇಲ್ಲ. ‘ಹೌಸಸ್ ಆಫ್ ದ ಹೋಲಿ’ ಬಂದ ಎರಡೇ ವಾರಕ್ಕೆ, 1973ರ ಏಪ್ರಿಲ್‌ನಲ್ಲಿ, ವೇಲರ್ಸ್‌ನ ‘ಕ್ಯಾಚ್ ಎ ಫೈರ್’ ಬಂತು. ಕಿಂಗ್‌ಸ್ಟನ್‌ನ ಆ ಅಪ್ಪಟ ಸರಕಿಗೆ ಲಂಡನ್ನಿನಲ್ಲಿ ನಿರ್ಮಾಪಕ ಕ್ರಿಸ್ ಬ್ಲ್ಯಾಕ್‌ವೆಲ್ ಅಮೆರಿಕದ ವೇಯ್ನ್ ಪರ್ಕಿನ್ಸ್‌ನ ರಾಕ್ ಗಿಟಾರ್ ಸೇರಿಸಿಯೇ ಅಂಗಡಿಗೆ ಕಳಿಸಿದ್ದು. ರಾಕಿನವರು ರೆಗೇ ಅಂಗಿ ಹಾಕಿಕೊಳ್ಳುವ ಹೊತ್ತಿಗೆ ರೆಗೇಯವರಿಗೆ ರಾಕ್ ಅಂಗಿ ತೊಡಿಸುತ್ತಿದ್ದರು. ಯಾರು ಯಾರನ್ನು ಅಣಕಿಸಿದರು ಎಂದು ಕೂತು ಲೆಕ್ಕ ಮಾಡುವವರಿಗೆ ಇನ್ನೊಂದು ಕಾಫಿ ಬೇಕಾಗುತ್ತದೆ.

“ನಂಗೆ ರೆಗೇ ಸೇರಲ್ಲ” ಎಂದು ಅಡುಗೆಮನೆಯಿಂದಲೇ ಕೂಗುವವನಿಗೆ ಒಂದು ವಿಷಯ ಮೆಲ್ಲಗೆ ತಿಳಿಸಿ. ಬೆಂಗಳೂರಿನ ಪಬ್‌ಗಳಲ್ಲಿ ಅವನು ಚೀಟಿ ಬರೆದು ಕೇಳುವ ‘ಹೋಟೆಲ್ ಕ್ಯಾಲಿಫೋರ್ನಿಯಾ’ಕ್ಕೆ, ಹೆಸರಿಡುವ ಮುಂಚೆ, ಅಮೆರಿಕದ ರಾಕ್ ತಂಡ ಈಗಲ್ಸ್‌ನವರು ಕರೆಯುತ್ತಿದ್ದುದು ‘ಮೆಕ್ಸಿಕನ್ ರೆಗೇ’ ಎಂದು. ಕಾಫಿ ಲೋಟ ಅವನ ಕೈಯಿಂದ ಇಳಿದ ಮೇಲೆ ಹೇಳಿ.

ಇಷ್ಟರಲ್ಲಿ ತಟ್ಟೆ ಮುಂದಿನ ಹಾಡಿಗೆ ಬಂದಿರುತ್ತದೆ: ‘ನೋ ಕ್ವಾರ್ಟರ್’, ಏಳು ನಿಮಿಷ. ಗಿಟಾರ್ ಇನ್ನೂ ಮಡಿಲಲ್ಲೇ ಇರುವವನು ಇದಕ್ಕೂ ಜೊತೆ ನುಡಿಸಲು ಹೋಗುತ್ತಾನೆ, ಅಪಸ್ವರ ಬರುತ್ತದೆ. ಪೇಜ್ ಈ ಹಾಡಿನ ಟೇಪಿನ ವೇಗ ತಗ್ಗಿಸಿ ಶ್ರುತಿಯನ್ನು ಅರ್ಧ ಸ್ವರ ಇಳಿಸಿದ್ದಾನೆ. ಆರೂ ತಂತಿ ಅಷ್ಟೇ ಸಡಿಲಿಸಿದರೆ ಸಾಕು. ಆದರೆ ಕವರು ಹಿಡಿದವನು “ನಿನ್ನ ಟ್ಯೂನರ್ ಸರಿಯಿಲ್ಲ” ಎಂದಾಗಿದೆ, ಇವನು “ನಿನ್ನ ಪ್ಲೇಯರ್ ನಿಧಾನ ತಿರುಗ್ತಿದೆ” ಎಂದಾಗಿದೆ, ಅಡುಗೆಮನೆಯವನು ಮತ್ತೆ ಕಾಫಿ ಡಬ್ಬ ಹುಡುಕುತ್ತಿದ್ದಾನೆ.