ಪೇಪರ್ ಓದಲು ಹೆಲ್ಮೆಟ್

ನಮ್ಮೂರ ಗ್ರಂಥಾಲಯದ ಸೂರಿನಿಂದ ಕಾಂಕ್ರೀಟಿನ ಚಕ್ಕೆಯೊಂದು ಕಳಚಿ ನೇರವಾಗಿ ಕ್ರೀಡಾ ಪುಟದ ಮೇಲೆ ಬಿತ್ತು. ಪುಟ ಹರಿಯಿತು, ಓದುತ್ತಿದ್ದವರಿಗೆ ಏನೂ ಆಗಲಿಲ್ಲ. ಪಕ್ಕದಲ್ಲಿದ್ದವರು ಒಮ್ಮೆ ಮೇಲೆ ನೋಡಿ, ಆಮೇಲೆ ಕೆಳಗೆ ನೋಡಿ, "ಸ್ಕೋರ್ ಎಷ್ಟಾಗಿತ್ತು?" ಅಂತ ಕೇಳಿದರು.

ಮಾರನೇ ದಿನದಿಂದ ಕೂರುವ ಜಾಗದ ಲೆಕ್ಕಾಚಾರ ಬದಲಾಯಿತು. ಎಲ್ಲರೂ ತೊಲೆಯ ಕೆಳಗೇ ಕುರ್ಚಿ ಎಳೆದುಕೊಂಡರು. ತೊಲೆ ಗಟ್ಟಿ ಅಂತ ಯಾರೋ ಹೇಳಿದ್ದರಂತೆ. ನಮ್ಮ ರಿಟೈರ್ಡ್ ಪೋಸ್ಟ್ ಮಾಸ್ತರರು ಮಾತ್ರ ಯಾರನ್ನೂ ನಂಬುವವರಲ್ಲ. ಸ್ಕೂಟರ್ ನಿಲ್ಲಿಸಿ ಬಂದವರು ಹೆಲ್ಮೆಟ್ ತೆಗೆಯದೆಯೇ ಪೇಪರ್ ಬಿಡಿಸಿದರು. "ರಸ್ತೆಯಲ್ಲಿ ಹಾಕದಿದ್ರೆ ಫೈನು ಹೋಗುತ್ತೆ, ಇಲ್ಲಿ ಹಾಕದಿದ್ರೆ ತಲೇನೇ ಹೋಗುತ್ತೆ" ಅಂದರು. ಗಾಜು ಮುಚ್ಚಿಕೊಂಡು ಸಂಪಾದಕೀಯ ಓದುವವರನ್ನು ನಾನು ನೋಡಿದ್ದು ಅದೇ ಮೊದಲು.

ಸರಿ, ಅರ್ಜಿ ಕೊಡೋಣ ಅಂತಾಯಿತು. ಯಾರಿಗೆ? ಪುಸ್ತಕ, ಕಪಾಟು ಮತ್ತು ಲೈಬ್ರರಿ ಮೇಡಂ ಗ್ರಂಥಾಲಯ ಇಲಾಖೆಗೆ ಸೇರಿದವರು. ಕಟ್ಟಡ ಪುರಸಭೆಯದು. ಬಿದ್ದ ಚಕ್ಕೆ ಯಾರದು ಅನ್ನೋದು ಮಾತ್ರ ಇತ್ಯರ್ಥವಾಗಲಿಲ್ಲ. ಇಲಾಖೆಯವರು ಪುರಸಭೆಗೆ ಹೋಗಿ ಅಂದರು, ಪುರಸಭೆಯವರು ಇಲಾಖೆಯಿಂದ ಪತ್ರ ತನ್ನಿ ಅಂದರು. ನಾನು ಮನೆಯಲ್ಲಿದ್ದ ಕಂದಾಯದ ಚಲನ್ ತೆಗೆದುಕೊಂಡು ಹೋದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ನಾವೇ ಕಟ್ಟುತ್ತೇವೆ. ಸ್ಥಳೀಯ ಸಂಸ್ಥೆಗಳು ಅದನ್ನು ವಸೂಲು ಮಾಡಿ ಗ್ರಂಥಾಲಯದವರಿಗೆ ದಾಟಿಸಬೇಕು. ದಾಟಿಸದೆ ಬಾಕಿ ಉಳಿಸಿಕೊಳ್ಳುವುದೂ ರಾಜ್ಯದಲ್ಲಿ ಹಳೆಯ ಸುದ್ದಿಯೇ. ಚಲನ್ ತೋರಿಸಿದಾಗ ಗುಮಾಸ್ತರು ಅದನ್ನು ಹಿಂದೆ ಮುಂದೆ ತಿರುಗಿಸಿ, "ಈ ವರ್ಷದ್ದು ಕಟ್ಟಿದೀರಾ ಸಾರ್?" ಅಂತ ಕೇಳಿದರು.

ಆಮೇಲೆ ಒಂದು ತಮಾಷೆ ನಡೆಯಿತು. ಮುಂಗಾರು ಬಂತೆಂದರೆ ಶಿಥಿಲ ಕಟ್ಟಡಗಳ ಮಾಲೀಕರಿಗೆ ಪುರಸಭೆ ನೋಟಿಸ್ ಕೊಡುವುದು ವಾಡಿಕೆ. ಆ ಸಲ ಯಾರೋ ಹುಮ್ಮಸ್ಸಿನ ನೌಕರರು ಗ್ರಂಥಾಲಯದ ಗೋಡೆಗೂ ಒಂದು ಅಂಟಿಸಿಬಿಟ್ಟರು. "ಮಾಲೀಕರು ಕೂಡಲೇ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು, ತಪ್ಪಿದಲ್ಲಿ ಪುರಸಭೆಯು ಕ್ರಮ ಜರುಗಿಸುವುದು." ಮಾಲೀಕರೇ ಪುರಸಭೆ. ಅಂದರೆ ಕ್ರಮ ಕೈಗೊಳ್ಳದಿದ್ದರೆ ತಮ್ಮ ಮೇಲೆ ತಾವೇ ಕ್ರಮ ಜರುಗಿಸಬೇಕು. ಪೋಸ್ಟ್ ಮಾಸ್ತರರು ಇದನ್ನು ಓದಿ ಹೆಲ್ಮೆಟ್ ಒಳಗೇ ನಕ್ಕರು. ಸಂಜೆಯೊಳಗೆ ನೋಟಿಸ್ ಮಾಯವಾಗಿತ್ತು. ಕಿತ್ತಾಗ ಅದರ ಜೊತೆ ಅಂಗೈ ಅಗಲ ಗಾರೆಯೂ ಬಂದಿತ್ತು.

ನಗು ಬಂದರೂ ಒಳಗೊಳಗೆ ಭಯ ಇದ್ದೇ ಇತ್ತು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟಿನಲ್ಲಿ ಹತ್ತಿರದ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಬಿತ್ತು. ಅಂಥ ಹೆಸರುವಾಸಿ ಕಟ್ಟಡಗಳದ್ದೇ ಆ ಕಥೆ. ನಮ್ಮದನ್ನು ಯಾರು ಕೇಳಬೇಕು? ಲೈಬ್ರರಿ ಮೇಡಂ ಈ ಸುದ್ದಿಗಳ ಹಳೇ ಪೇಪರ್ ಹುಡುಕಿ ತೆಗೆದು, ಅರ್ಜಿಗೆ ಪಿನ್ ಮಾಡಿ ಕಳಿಸಿದರು. ಅದು ಕೆಲಸ ಮಾಡಿತು. ಇಂಜಿನಿಯರ್ ಬಂದರು.

ಅವರ ಕೈಯಲ್ಲಿ ದಪ್ಪ ಟಾರ್ಚಿನಂಥ ಒಂದು ಉಪಕರಣ. ಕಂಬಕ್ಕೆ ಒತ್ತಿದರೆ ಒಳಗಿನ ಸ್ಪ್ರಿಂಗು ಟಕ್ ಅಂತ ಹೊಡೆದು ಹಿಂದಕ್ಕೆ ಪುಟಿಯುತ್ತದೆ. ಜಾಸ್ತಿ ಪುಟಿದರೆ ಕಾಂಕ್ರೀಟು ಗಟ್ಟಿ, ಕಡಿಮೆ ಪುಟಿದರೆ ಮೆದು. ಅದಾದ ಮೇಲೆ ಸಣ್ಣ ಸುತ್ತಿಗೆಯಿಂದ ಸೂರನ್ನು ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಠಣ್, ಪೊಳ್ಳಾದಲ್ಲಿ ಡಬ್. ಡಬ್ ಅಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗೀಟು ಹಾಕಿದರು. ನೋಡುತ್ತಿದ್ದ ನಮಗೆಲ್ಲ ಕೈ ತುರಿಸತೊಡಗಿತು. ಅವರು ಚಹಾಕ್ಕೆ ಹೊರಗೆ ಹೋದದ್ದೇ ತಡ, ಒಬ್ಬರು ನಾಣ್ಯದಿಂದ, ಒಬ್ಬರು ಬೀಗದ ಕೈಯಿಂದ, ಇನ್ನೊಬ್ಬರು ಛತ್ರಿಯ ತುದಿಯಿಂದ ಕಂಬಗಳನ್ನು ತಟ್ಟಿ ಕಿವಿ ಇಟ್ಟು ಕೇಳಿದರು. ಪರೀಕ್ಷೆಗೆ ಓದುತ್ತಿದ್ದ ಹುಡುಗ ತೊಲೆಯನ್ನೇ ತಟ್ಟಿದ. ಡಬ್! ಅದರ ಕೆಳಗೆ ಕೂತಿದ್ದವರೆಲ್ಲ ಒಟ್ಟಿಗೆ ಎದ್ದರು.

ಕಾರಣ ಏನು ಅಂತ ಇಂಜಿನಿಯರ್ ಚೆನ್ನಾಗಿಯೇ ವಿವರಿಸಿದರು. ನೀರು ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ತುಕ್ಕು ಮೂಲ ಕಬ್ಬಿಣದ ಎರಡು ಪಟ್ಟಿಗೂ ಜಾಸ್ತಿ ಜಾಗ ತಗೊಳ್ಳುತ್ತೆ. ಹಾಗಾಗಿ ಕಾಂಕ್ರೀಟು ಪೂರಿ ಉಬ್ಬಿದ ಹಾಗೆ ಉಬ್ಬಿ, ಒಡೆದು, ಚಕ್ಕೆಯಾಗಿ ಉದುರುತ್ತೆ. ನೀರು ಎಲ್ಲಿಂದ ಇಳಿಯಿತು ಅಂತ ಎಲ್ಲರೂ ತಾರಸಿ ಹತ್ತಿದೆವು. ಮಳೆನೀರು ಹೋಗುವ ಪೈಪಿನ ಬಾಯಿಗೆ ಒಣಗಿದ ಎಲೆ, ಒಂದು ಹವಾಯಿ ಚಪ್ಪಲಿ ಮತ್ತು ಗಾಳಿ ಹೋದ ಟೆನಿಸ್ ಬಾಲ್ ಸಿಕ್ಕಿಕೊಂಡಿದ್ದವು. ವರ್ಷಕ್ಕೊಮ್ಮೆ ಯಾರಾದರೂ ಕೈ ಹಾಕಿ ತೆಗೆದಿದ್ದರೆ ಅರ್ಧ ರಿಪೇರಿ ಉಳಿಯುತ್ತಿತ್ತು. ಆದರೆ ಎಲೆ ತೆಗೆಯುವ ಕೆಲಸಕ್ಕೆ ಟೆಂಡರ್ ಇಲ್ಲ ನೋಡಿ.

ಅಲ್ಲೇ, ಪ್ಯಾರಾಪೆಟ್ಟಿನ ಬಿರುಕಿನಲ್ಲಿ, ಒಂದು ಅರಳಿ ಗಿಡ. ಬೇರು ಗೋಡೆಯೊಳಗೆ ಇಳಿದಿತ್ತು. ಕೀಳು ಅಂದರೆ ಕೂಲಿಯವನು ಕೈ ಮುಗಿದು ಹಿಂದೆ ಸರಿದ. "ಅರಳಿ ಅಲ್ವಾ ಸಾರ್, ನನ್ ಕೈಲಾಗಲ್ಲ. ಮನೇಲಿ ಮಗು ಇದೆ." ಮೇಸ್ತ್ರಿಯೂ ಆಗಲ್ಲ ಅಂದ. ಇಂಜಿನಿಯರ್ ತಾವೇ ಒಂದು ಹೆಜ್ಜೆ ಮುಂದಿಟ್ಟರು, ಯಾಕೋ ನಿಂತರು. ಕೊನೆಗೆ ಪೋಸ್ಟ್ ಮಾಸ್ತರರು ದಾರಿ ತೋರಿಸಿದರು: ಪೂಜೆ ಮಾಡಿ, ಕ್ಷಮೆ ಕೇಳಿ, ಬೇರು ಸಮೇತ ತೆಗೆದು ಕೆರೆ ಏರಿಯ ಮೇಲೆ ನೆಡುವುದು. ಎಲ್ಲರಿಗೂ ಒಪ್ಪಿಗೆಯಾಯಿತು. ಆದರೆ ತೆಂಗಿನಕಾಯಿ, ಬಾಳೆಹಣ್ಣು, ಭಟ್ಟರ ದಕ್ಷಿಣೆ ಯಾವ ಲೆಕ್ಕಕ್ಕೆ? ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಕಾಂಕ್ರೀಟು ಕೆರೆಯುವುದಕ್ಕೆ ದರ ಇದೆ, ಕ್ಷಮೆ ಕೇಳುವುದಕ್ಕೆ ಇಲ್ಲ. ಓದುಗರೇ ಚಂದಾ ಎತ್ತಿದೆವು. ಇಡೀ ರಿಪೇರಿಯಲ್ಲಿ ಹಣ ಮಂಜೂರಾದ ದಿನವೇ ಮುಗಿದ ಕೆಲಸ ಅದೊಂದೇ.

ಉಳಿದದ್ದು ಕ್ರಮಪ್ರಕಾರ ನಡೆಯಿತು. ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ. ನಡುವೆ ಚುನಾವಣೆ ಬಂದು ನೀತಿ ಸಂಹಿತೆ. ಬಿರುಕಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲವಾದ್ದರಿಂದ ಅದು ತನ್ನ ಪಾಡಿಗೆ ಬೆಳೆಯಿತು. ಆಮೇಲೆ ಟೆಂಡರ್. ಮೊದಲ ಕರೆಗೆ ಯಾರೂ ಬರಲಿಲ್ಲ. ಇದಕ್ಕೆ ಮೇಸ್ತ್ರಿ ಹೇಳಿದ ಕಾರಣ ನನಗೆ ಸರಿ ಅನ್ನಿಸಿತು. ಹೊಸ ಕಟ್ಟಡವಾದರೆ ಎಷ್ಟು ಕಬ್ಬಿಣ, ಎಷ್ಟು ಸಿಮೆಂಟು ಅಂತ ಮೊದಲೇ ಗೊತ್ತಿರುತ್ತೆ. ಹಳೇದನ್ನು ಕೆರೆದರೆ ಒಳಗೆ ಇನ್ನೇನಿದೆಯೋ ದೇವರಿಗೇ ಗೊತ್ತು. ಲಾಭ ಕಡಿಮೆ, ಧೂಳು ಜಾಸ್ತಿ, ಉದ್ಘಾಟನೆಯ ಕಲ್ಲಿನಲ್ಲಿ ಹೆಸರೂ ಇಲ್ಲ. ಅಲ್ಪಾವಧಿ ಟೆಂಡರ್ ಕರೆದ ಮೇಲೆ ಒಬ್ಬರು ಸಿಕ್ಕಿದರು.

ಅಲ್ಲಿಯವರೆಗೆ ಸೂರಿಗೆ ಕಬ್ಬಿಣದ ಜಾಕಿ ಕೊಟ್ಟು ನಿಲ್ಲಿಸಿದ್ದರು. ನಮ್ಮ ಜನಕ್ಕೆ ಕಂಬ ಕಂಡರೆ ಸುಮ್ನೆ ಬಿಡಲು ಬರುವುದಿಲ್ಲ. ಒಂದಕ್ಕೆ ಛತ್ರಿ, ಇನ್ನೊಂದಕ್ಕೆ ತರಕಾರಿ ಚೀಲ, ಮತ್ತೊಂದಕ್ಕೆ ಪೋಸ್ಟ್ ಮಾಸ್ತರರ ಹೆಲ್ಮೆಟ್ ನೇತಾಡಿದವು. ಎರಡು ಜಾಕಿಗಳ ನಡುವೆ ಹಗ್ಗ ಕಟ್ಟಿ ಮೇಡಂ ವಾರಪತ್ರಿಕೆಗಳನ್ನು ಇಳಿಬಿಟ್ಟರು. ಕೆಲಸ ಶುರುವಾದಾಗ ಜಾಕಿ ಬಿಚ್ಚಬೇಡಿ ಅಂತ ಒಂದಿಬ್ಬರು ಮನವಿಯನ್ನೂ ಮಾಡಿಕೊಂಡರು.

ಕೆಲಸ ಚೆನ್ನಾಗಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಪೊಳ್ಳು ಕೆರೆದು, ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಹೊಸ ಕಂಬಿ ಕಟ್ಟಿ, ಕಂಬಗಳಿಗೆ ಸುತ್ತಲೂ ಕಾಂಕ್ರೀಟು ತುಂಬಿದರು. ಗೋಣಿಚೀಲ ಸುತ್ತಿ ದಿನಾ ನೀರು ಹಾಕಿದರು. ಸೂರು ನುಣ್ಣಗೆ, ಬೆಳ್ಳಗೆ ಆಯಿತು. ಎಷ್ಟು ನುಣ್ಣಗೆ ಅಂದರೆ ಫ್ಯಾನು ನೇತುಹಾಕುವ ಕೊಕ್ಕೆಗಳೂ ಗಾರೆಯೊಳಗೆ ಮುಚ್ಚಿಹೋಗಿವೆ. ಬಿಚ್ಚಿದ ಫ್ಯಾನುಗಳು ಕಪಾಟಿನ ಮೇಲೆ ಕೂತಿವೆ. ಬೇಸಿಗೆ ಬಂತಲ್ಲ ಸಾರ್, ಫ್ಯಾನು ಯಾವಾಗ ಹಾಕ್ತೀರಿ ಅಂತ ಪುರಸಭೆಯಲ್ಲಿ ಕೇಳಿದೆ.

"ಎಲೆಕ್ಟ್ರಿಕಲ್ ಬೇರೆ ಟೆಂಡರ್ ಸಾರ್. ಕರೆದಿದ್ವಿ. ಯಾರೂ ಬರಲಿಲ್ಲ."