‘ಮತ್ತ ಸಾಲಿ ಬಂದ್ ಮಾಡ್ತಾರಂತ್ರಿ, ಖರೇ ಏನು?’

ಮೊನ್ನೆ ಬೆಳಿಗ್ಗೆ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವಳು ಒಳಗೆ ಬರದೆ ಬಾಗಿಲಲ್ಲೇ ನಿಂತು ಕೇಳಿದ ಮಾತು ಇದು. ಕಲಬುರಗಿ ಕಡೆಯವಳು. ಇಲ್ಲಿ ಮುಂಬಯಿಯ ಭಾಂಡುಪ್‌ನ ಗುಡ್ಡದ ಮೇಲಿನ ಚಾಳಿನಲ್ಲಿ ಇದ್ದಾಳೆ. ಗಂಡ ಕಟ್ಟಡ ಕೆಲಸಕ್ಕೆ ಹೋಗುತ್ತಾನೆ. ಯಾರು ಹೇಳಿದ್ದು ಎಂದು ಕೇಳಿದೆ. ಫೋನ್ ತೆಗೆದು ಒಂದು ಮೆಸೇಜ್ ತೋರಿಸಿದಳು. ಜೂನ್‌ನಲ್ಲಿ ಶಾಲೆ ತೆರೆಯುವುದಿಲ್ಲ, ಮತ್ತೆ ಲಾಕ್‌ಡೌನ್, ಹದಿನೈದು ದಿನದ ಸಾಮಾನು ತಂದಿಟ್ಟುಕೊಳ್ಳಿ ಅಂತ. ಯಾರು ಬರೆದದ್ದು, ಯಾವ ಆದೇಶ, ಯಾವ ತಾರೀಕು, ಒಂದೂ ಇಲ್ಲ.

ಅದೇ ಮೆಸೇಜ್ ಹಿಂದಿನ ರಾತ್ರಿ ನಮ್ಮ ಸೊಸೈಟಿ ಗ್ರೂಪಿಗೂ ಬಂದಿತ್ತು. ಊರಿನ ಕುಟುಂಬದ ಗ್ರೂಪಿಗೂ ಬಂದಿತ್ತು. ಸೊಸೈಟಿಯಲ್ಲಿ ಒಬ್ಬರು ‘ಒಳ್ಳೆಯದೇ, ಮಕ್ಕಳ ಸುರಕ್ಷತೆ ಮುಖ್ಯ’ ಎಂದು ಬರೆದರು. ಇನ್ನೊಬ್ಬರು ಮತ್ತೆ ಮನೆಯಿಂದಲೇ ಆಫೀಸ್ ಕೆಲಸ ಸಿಗಬಹುದು ಎಂದು ಖುಷಿಪಟ್ಟರು. ಮತ್ತೊಬ್ಬರು ಇದೆಲ್ಲಾ ಲಸಿಕೆ ಕಂಪನಿಗಳ ಆಟ, ಕೊರೋನಾ ಅನ್ನುವುದೇ ಇರಲಿಲ್ಲ ಎಂದರು. ರಾತ್ರಿ ಹನ್ನೊಂದೂವರೆವರೆಗೂ ಚರ್ಚೆ ನಡೆಯಿತು. ಬೆಳಿಗ್ಗೆ ಈ ಹೆಂಗಸು ನನ್ನನ್ನು ಕೇಳಿದ್ದು ಒಂದೇ. ಊರಿಗೆ ಟಿಕೆಟ್ ಮಾಡಿಸಬೇಕಾ, ಬೇಡವಾ?

ಅವಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸಣ್ಣದು. ಸುಳ್ಳು ಕಣೆ, ಎಲ್ಲೂ ಹೋಗಬೇಡ ಅಂತ. ಆದರೆ ಆ ಉತ್ತರದ ಹಿಂದೆ ನನ್ನಲ್ಲಿ ಐದು ವರ್ಷದಿಂದ ಕೂಡಿಟ್ಟ ಮಾತು ತುಂಬಾ ಇದೆ. ಇವತ್ತು ಬರೆದೇ ಬಿಡುತ್ತೇನೆ. ಸ್ವಲ್ಪ ಉದ್ದವಾಗಬಹುದು.

ಮೊದಲು ಒಂದು ವಿಷಯ. ಕೋವಿಡ್ ಇರಲೇ ಇಲ್ಲ ಎನ್ನುವವರ ಜೊತೆ ನಾನು ಮಾತಾಡಲಾರೆ. 2021ರ ಏಪ್ರಿಲ್‌ನಲ್ಲಿ ನಮ್ಮ ಮಾವ ಹೋದರು. ಆಕ್ಸಿಜನ್ ಇರುವ ಬೆಡ್‌ಗಾಗಿ ಎರಡು ದಿನ ಫೋನ್ ಹಿಡಿದು ಕೂತಿದ್ದೆವು. ಸಿಕ್ಕಿದಾಗ ತಡವಾಗಿತ್ತು. ಮುಖ ನೋಡಲು ಆಗಲಿಲ್ಲ. ಇವರು ಒಬ್ಬರೇ ಸ್ಮಶಾನದ ಗೇಟಿನವರೆಗೆ ಹೋಗಿ ಬಂದರು. ಬೊಜ್ಜದ (ಉತ್ತರಕ್ರಿಯೆಯ) ಊಟಕ್ಕೆ ಎಲೆ ಹಾಕಲು ಮನೆಯಲ್ಲಿ ನಾವು ಮೂರೇ ಜನ. ಹಾಗಾಗಿ ರೋಗ ಬಂದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆದರಿಕೆ ನನಗೂ ಇದೆ. ಸೊಸೈಟಿ ಗ್ರೂಪಿನಲ್ಲಿ ಮಕ್ಕಳ ಸುರಕ್ಷತೆ ಎಂದು ಬರೆದ ಆ ತಾಯಿಯ ಹೆದರಿಕೆಯೂ ಅರ್ಥವಾಗುತ್ತದೆ.

ಆದರೆ ಈ ಸಲ ಬಂದದ್ದು ಏನು? ಸುದ್ದಿಯಾದ ಕೊರೋನಾದ ಜೆಎನ್.1, ಎನ್‌ಬಿ.1.8.1 ಎಲ್ಲವೂ ಓಮಿಕ್ರಾನ್ ವಂಶದ ತಳಿಗಳೇ. 2025ರ ಜೂನ್‌ನಲ್ಲಿ ದೇಶದಲ್ಲಿ ಚಿಕಿತ್ಸೆಯಲ್ಲಿದ್ದ ಸೋಂಕಿತರು 7 ಸಾವಿರ ದಾಟಿದರು. ಕೇಳಿದರೆ ಎದೆ ಝಲ್ ಎನ್ನುತ್ತದೆ, ಹೌದು. ಆದರೆ 2022ರ ಜನವರಿಯಲ್ಲಿ ನಮ್ಮ ಮುಂಬಯಿಯಲ್ಲೇ ಒಂದೇ ದಿನಕ್ಕೆ 20 ಸಾವಿರಕ್ಕಿಂತ ಜಾಸ್ತಿ ಜನಕ್ಕೆ ಪಾಸಿಟಿವ್ ಬಂದಿತ್ತು. ಈ 7 ಸಾವಿರ ಇಡೀ ದೇಶದ ಲೆಕ್ಕ. ದೇಶದಲ್ಲಿ 220 ಕೋಟಿ ಡೋಸ್‌ಗಿಂತ ಜಾಸ್ತಿ ಲಸಿಕೆ ಹಾಕಿ ಆಗಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲೇ ತುರ್ತುಸ್ಥಿತಿ ಮುಗಿಯಿತು ಎಂದಿತು. ವಯಸ್ಸಾದವರು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಜೋಪಾನವಾಗಿರಬೇಕು, ಮಾಸ್ಕ್ ಹಾಕಿಕೊಳ್ಳಬೇಕು. ಅಷ್ಟನ್ನು ಹೇಳಿದರೆ ಸಾಕು. ಶಾಲೆ ಬಂದ್ ಎಂಬ ಮಾತು ಎಲ್ಲಿಂದ ಬಂತು?

2025ರ ಜನವರಿಯಲ್ಲೂ ಹೀಗೇ ಆಗಿತ್ತು. ಬೆಂಗಳೂರಿನಲ್ಲಿ ಇಬ್ಬರು ಹಸುಗೂಸುಗಳಿಗೆ ಎಚ್‌ಎಂಪಿವಿ ಬಂದಿದೆ ಎಂದು ಸುದ್ದಿಯಾದ ಕೂಡಲೇ ‘ಲಾಕ್‌ಡೌನ್’ ಎಂಬ ಪದ ಎಲ್ಲರ ಫೋನಿನಲ್ಲೂ ಓಡಾಡಿತು. ಅದು 2001ರಲ್ಲೇ ಪತ್ತೆಯಾದ ವೈರಸ್, ಚಳಿಗಾಲದಲ್ಲಿ ಮಕ್ಕಳಿಗೆ ನೆಗಡಿ ಕೆಮ್ಮು ತರುವಂಥದ್ದು ಎಂದು ಡಾಕ್ಟರುಗಳು ಹೇಳುವಷ್ಟರಲ್ಲಿ ಅಮ್ಮ ಊರಿನಿಂದ ಮೂರು ಸಲ ಫೋನ್ ಮಾಡಿ ಆಗಿತ್ತು. ‘ನೀವು ಮೊದಲೇ ಹೊರಟು ಬನ್ನಿ, ಕಳೆದ ಸಲದ ಹಾಗೆ ಆಗುವುದು ಬೇಡ.’

ಕಳೆದ ಸಲದ ಹಾಗೆ. ನಮ್ಮ ಅಮ್ಮ ಆ ಮಾತು ಹೇಳುವಾಗ ಅವಳ ಕಣ್ಣ ಮುಂದೆ ಇರುವುದು ನನ್ನ ಅಣ್ಣ.

ಅಣ್ಣ ಠಾಣೆಯ ಒಂದು ಹೋಟೆಲಿನಲ್ಲಿ ಅಡುಗೆಗೆ ಇದ್ದ. 2020ರ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, ಮಾರನೇ ದಿನದಿಂದ ಲೋಕಲ್ ರೈಲು ಇಲ್ಲ, 25ರಿಂದ ದೇಶವೇ ಬಂದ್. ಹೋಟೆಲಿನ ಹುಡುಗರು ಹದಿಮೂರು ಜನ ಮೇಲಿನ ಅಟ್ಟದ ಖೋಲಿಯಲ್ಲಿ. ಅಲ್ಲಿ ಮಲಗುವುದು ಪಾಳಿ ಮೇಲೆ ಇತ್ತು, ಯಾಕೆಂದರೆ ಮಾಮೂಲು ದಿನಗಳಲ್ಲಿ ಅರ್ಧ ಜನ ಕೆಲಸದಲ್ಲಿ ಇರುತ್ತಿದ್ದರು. ಈಗ ಎಲ್ಲರೂ ಒಟ್ಟಿಗೆ. ಏಪ್ರಿಲ್ 14ರಂದು ಬಾಂದ್ರಾದಲ್ಲಿ ಏನಾಯಿತು ನೆನಪಿದೆಯಲ್ವಾ? ರೈಲು ಬಿಡುತ್ತಾರೆ ಎಂಬ ಸುದ್ದಿ ಹಬ್ಬಿ ಸ್ಟೇಷನ್ ಹತ್ತಿರ ಸಾವಿರಾರು ಕೂಲಿ ಜನ ಸೇರಿಬಿಟ್ಟರು. ರೈಲು ಇರಲಿಲ್ಲ. ಲಾಠಿ ಬಿತ್ತು. ಒಂದು ಸುಳ್ಳು ಸುದ್ದಿಗೆ ಎಷ್ಟು ಕಾಲುಗಳಿರುತ್ತವೆ ಎಂದು ನಾನು ಆ ದಿನ ಟಿವಿಯಲ್ಲಿ ನೋಡಿದೆ. ಅವತ್ತು ಅಣ್ಣನೂ ಹೊರಟಿದ್ದ. ಹೋಟೆಲ್ ಸೇಟು ಬಾಗಿಲಿಗೆ ಅಡ್ಡ ನಿಂತು ತಡೆದರಂತೆ. ಅವರಿಗೆ ಇವತ್ತಿಗೂ ನಾನು ಕೈ ಮುಗಿಯುತ್ತೇನೆ.

ಮೇ ತಿಂಗಳಲ್ಲಿ ಕರ್ನಾಟಕದೊಳಗೆ ಬರಲು ಬೇಕಿದ್ದ ಸೇವಾ ಸಿಂಧು ಪಾಸ್ ಸಿಕ್ಕಿ ಅಣ್ಣ ಬಸ್ಸಿನಲ್ಲಿ ಊರಿಗೆ ಹೋದ. ಬೈಂದೂರು ಕಡೆ ನಮ್ಮದು. ಅವನನ್ನು ಕ್ವಾರಂಟೈನ್ ಎಂದು ಇಟ್ಟಿದ್ದು ಎಲ್ಲಿ ಗೊತ್ತಾ? ಅವನೂ ನಾನೂ ಏಳನೇ ಕ್ಲಾಸಿನವರೆಗೆ ಕಲಿತ ಶಾಲೆಯಲ್ಲಿ. ಬೋರ್ಡಿನ ಮೂಲೆಯಲ್ಲಿ ಮಾರ್ಚ್ ತಿಂಗಳ ತಾರೀಕು, ಹಾಜರಿ ಇಷ್ಟು, ಗೈರು ಇಷ್ಟು ಎಂದು ಬರೆದದ್ದು ಹಾಗೇ ಇತ್ತಂತೆ. ಯಾರೂ ಅಳಿಸಿರಲಿಲ್ಲ. ಅದರ ಕೆಳಗೆ ಚಾಪೆ ಹಾಸಿ ಹದಿನಾಲ್ಕು ದಿನ ಮಲಗಿದ. ಆಗ ಉಡುಪಿ ಜಿಲ್ಲೆಯಲ್ಲಿ ಮುಂಬಯಿಯಿಂದ ಬಂದವರಿಂದ ಕೇಸು ಏರುತ್ತಿದ್ದದ್ದು ನಿಜ. ಆದರೆ ‘ಬೊಂಬಾಯಿಯವರು ಬಂದರು’ ಎಂದು ಜನ ಮುಖ ತಿರುಗಿಸಿದ್ದೂ ನಿಜ. ರಜೆಯಲ್ಲಿ ನಾವು ಹೋದಾಗ ಮನೆ ತುಂಬಾ ಸೇರುತ್ತಿದ್ದವರು ನಮ್ಮ ಅಂಗಳಕ್ಕೂ ಕಾಲಿಡಲಿಲ್ಲ. ಅಮ್ಮನಿಗೆ ಹಾಲು ಹಾಕುವವರು ಒಂದು ವಾರ ಬರಲಿಲ್ಲ. ಅಣ್ಣ ಆಮೇಲೆ ಮುಂಬಯಿಗೆ ವಾಪಸ್ ಬಂದ, ಕೆಲಸಕ್ಕೂ ಸೇರಿದ. ಆದರೆ ಊರಿಗೆ ಹೋಗುವಾಗ ಮೊದಲಿನ ಉಮೇದು ಈಗಲೂ ಇಲ್ಲ.

ಈಗ ಶಾಲೆಯ ವಿಷಯ. ನನಗೆ ಅತಿ ಹೆಚ್ಚು ಹೇಳಬೇಕಿರುವುದು ಇದೇ.

ನನ್ನ ಮಗ 2020ರ ಜೂನ್‌ನಲ್ಲಿ ಒಂದನೇ ಕ್ಲಾಸ್. ಅವನ ಕ್ಲಾಸಿನವರು ಮುಂಬಯಿಯಲ್ಲಿ ಮೊದಲ ಸಲ ಶಾಲೆಯ ಬಾಗಿಲು ನೋಡಿದ್ದು 2021ರ ಡಿಸೆಂಬರ್ 15ಕ್ಕೆ. ಆಗ ಎರಡನೇ ಕ್ಲಾಸು ಅರ್ಧ ಮುಗಿದಿತ್ತು. ಮೂರು ವಾರ ಆಗುವಷ್ಟರಲ್ಲಿ, ಜನವರಿ 4ಕ್ಕೆ, ಮತ್ತೆ ಬಂದ್. 24ಕ್ಕೆ ಮತ್ತೆ ಶುರು. ಅವನಿಗೆ ಓದಲು ಬರುತ್ತಿತ್ತು. ನಾನು ಮನೆಯಲ್ಲಿ ಇದ್ದೆ, ಕಲಿಸಿದ್ದೆ, ಒಂದು ಹಳೇ ಲ್ಯಾಪ್‌ಟಾಪ್ ಇತ್ತು. ಆದರೆ ಬೋರ್ಡ್ ನೋಡಿ ಬರೆಯಲು ಬರುತ್ತಿರಲಿಲ್ಲ! ಕಣ್ಣು ಬೋರ್ಡಿಗೆ ಹೋಗಬೇಕು, ನಾಲ್ಕು ಪದ ತಲೆಯಲ್ಲಿ ಹಿಡಿದುಕೊಂಡು ಪುಸ್ತಕಕ್ಕೆ ಇಳಿಯಬೇಕು, ಮತ್ತೆ ಮೇಲೆ ನೋಡಿದಾಗ ಸರಿಯಾಗಿ ಅದೇ ಸಾಲು ಸಿಗಬೇಕು. ನಾವು ಯಾವಾಗ ಕಲಿತೆವು ಎಂಬುದೇ ನಮಗೆ ನೆನಪಿಲ್ಲದ ವಿದ್ಯೆ ಅದು. ಅವನು ಒಂದೊಂದೇ ಅಕ್ಷರ ನೋಡಿ ಬರೆಯುತ್ತಿದ್ದ, ಅಷ್ಟರಲ್ಲಿ ಟೀಚರ್ ಒರೆಸಿಬಿಡುತ್ತಿದ್ದರು. ಮನೆಗೆ ಬಂದು ಅಳುತ್ತಿದ್ದ. ಸರಿಹೋಗಲು ಒಂದು ವರ್ಷ ಬೇಕಾಯಿತು. ಇದು ತಾಯಿ ಮನೆಯಲ್ಲೇ ಇದ್ದ, ಲ್ಯಾಪ್‌ಟಾಪ್ ಇದ್ದ ಮಗುವಿನ ಕಥೆ.

ಪಾತ್ರೆ ತೊಳೆಯುವವಳ ದೊಡ್ಡ ಮಗಳ ಕಥೆ ಕೇಳಿ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿನಲ್ಲಿದ್ದಳು. (ಈ ಊರಿನ ಮುನ್ಸಿಪಾಲಿಟಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ನಮ್ಮ ಕನ್ನಡವೂ ಒಂದು ಎಂಬುದು ನಮ್ಮವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ.) ಮಗ್ಗಿ ಹದಿನೈದರವರೆಗೆ ಬಾಯಿಪಾಠ. ಮನೆಯಲ್ಲಿ ಒಂದು ಫೋನು, ಅದನ್ನು ಅಪ್ಪ ಕೆಲಸಕ್ಕೆ ಒಯ್ಯುತ್ತಿದ್ದ. ಕೆಲಸ ನಿಂತಾಗ ಫೋನ್ ಮನೆಯಲ್ಲಿ ಇತ್ತು, ಆದರೆ ಡೇಟಾ ಹಾಕಿಸಲು ದುಡ್ಡು ಇರಲಿಲ್ಲ. ಎಲ್ಲರೂ ಕಲಬುರಗಿಗೆ ಹೋದರು. ಅಲ್ಲಿ ತೊಗರಿ ಹೊಲಕ್ಕೆ ಕೂಲಿ ಹೋದರು, ಆ ಹುಡುಗಿಯೂ ಹೋದಳು. 2022ರಲ್ಲಿ ವಾಪಸ್ ಬಂದಾಗ ಅವಳನ್ನು ಮತ್ತೆ ಶಾಲೆಗೆ ಕಳಿಸು ಎಂದು ನಾನು ಎಷ್ಟು ಹೇಳಿದರೂ ಹುಡುಗಿಯೇ ಒಪ್ಪಲಿಲ್ಲ. ತನಗಿಂತ ಚಿಕ್ಕವರ ಜೊತೆ ಕೂರಲು ನಾಚಿಕೆ. ಓದಿದ್ದು ಮರೆತುಹೋಗಿದೆ ಎಂದು ಇನ್ನೂ ನಾಚಿಕೆ. ಈಗ ಅವಳಿಗೆ ಹದಿನಾರು. ಅಮ್ಮನ ಜೊತೆ ಮೂರು ಮನೆ ಕೆಲಸ ಮಾಡುತ್ತಾಳೆ. ನಮ್ಮ ಮನೆಗೂ ಬರುತ್ತಾಳೆ. ನನ್ನ ಮಗನ ಆರನೇ ಕ್ಲಾಸಿನ ಹೊಸ ಪುಸ್ತಕಗಳಿಗೆ ಬೈಂಡ್ ಹಾಕುವಾಗ ಪಕ್ಕದಲ್ಲಿ ಕೂತು ಒಂದೊಂದು ಪುಟ ತಿರುವಿ ನೋಡಿದಳು. ನಾನು ಏನೂ ಮಾತಾಡಲು ಆಗದೆ ಅಡುಗೆಮನೆಗೆ ಹೋದೆ.

ಅವಳೊಬ್ಬಳದೇ ಕಥೆ ಅಲ್ಲ ಇದು. ಹಳ್ಳಿ ಮಕ್ಕಳ ಓದು ಹೇಗಿದೆ ಎಂದು ಅಸರ್ ಎಂಬ ಸಮೀಕ್ಷೆ ಮಾಡುತ್ತಾರೆ, ಇಲ್ಲೇ ಮುಂಬಯಿಯಲ್ಲಿ ಹುಟ್ಟಿದ ಪ್ರಥಮ್ ಸಂಸ್ಥೆಯವರು. 2018ರಲ್ಲಿ ಮೂರನೇ ಕ್ಲಾಸಿನ ನೂರರಲ್ಲಿ 27 ಮಕ್ಕಳು ಎರಡನೇ ಕ್ಲಾಸಿನ ಪಾಠ ಓದುತ್ತಿದ್ದರು. ಅದೇ ಕಡಿಮೆ. 2022ಕ್ಕೆ ಅದು 20ರ ಹತ್ತಿರ ಇಳಿಯಿತು. 2024ರಲ್ಲಿ ಮತ್ತೆ 27. ಅಂದರೆ ಆರು ವರ್ಷ ಕಳೆದು ಹೊರಟ ಜಾಗಕ್ಕೇ ಬಂದು ನಿಂತಿದ್ದೇವೆ. ಅಷ್ಟಕ್ಕೆ ಶಾಲೆಗಳು, ಟೀಚರುಗಳು ಎಷ್ಟು ಬೆವರು ಸುರಿಸಿದ್ದಾರೋ. ಮತ್ತೆ ಬಾಗಿಲು ಹಾಕಿ ಎನ್ನುವುದು ಬಾಯಿಗೆ ಸುಲಭ.

ಯಾವುದು ಯಾವಾಗ ತೆರೆಯಿತು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ನಮ್ಮ ಇವರೂ ಹೋಟೆಲ್ ಕೆಲಸದವರೇ, ಹಾಗಾಗಿ ನನಗೆ ತಾರೀಕು ಮರೆಯುವುದಿಲ್ಲ. ಹೋಟೆಲು, ಬಾರುಗಳಲ್ಲಿ ಕೂತು ತಿನ್ನಲು ಕುಡಿಯಲು ಬಿಟ್ಟಿದ್ದು 2020ರ ಅಕ್ಟೋಬರ್ 5. ಸಿನಿಮಾ ನವೆಂಬರ್‌ನಲ್ಲಿ, ದೇವಸ್ಥಾನ ದೀಪಾವಳಿ ಪಾಡ್ಯದ ದಿನ ನವೆಂಬರ್ 16ಕ್ಕೆ. ಎರಡನೇ ಅಲೆ ಬಂದು ಮತ್ತೆ ಎಲ್ಲಾ ಮುಚ್ಚಿತು, ಸರಿ. ಆಮೇಲೂ ಎರಡು ಡೋಸ್ ಆದವರಿಗೆ ಲೋಕಲ್ 2021ರ ಆಗಸ್ಟ್ 15ಕ್ಕೆ, ದೇವಸ್ಥಾನ, ಥಿಯೇಟರ್ ಅಕ್ಟೋಬರ್‌ಗೆ. ಏಳನೇ ಕ್ಲಾಸಿನವರೆಗಿನ ಮಕ್ಕಳು? ಡಿಸೆಂಬರ್ 15. ಎಲ್ಲರೂ ಒಳಗೆ ಹೋದ ಮೇಲೆ, ಕಡೆಗೆ. ಹೋಟೆಲ್ ತೆರೆದದ್ದು ತಪ್ಪು ಎನ್ನುತ್ತಿಲ್ಲ, ಅದು ತೆರೆಯದಿದ್ದರೆ ನಮ್ಮ ಮನೆಯ ಒಲೆಯೇ ಉರಿಯುತ್ತಿರಲಿಲ್ಲ. ಆದರೆ ಬಾರಿಗೆ ಇದ್ದ ಅವಸರ ಬಾಲವಾಡಿಗೆ ಯಾಕಿರಲಿಲ್ಲ? ಹೋಟೆಲಿನವರಿಗೆ ಸಂಘ ಇದೆ, ಹೋಗಿ ಮನವಿ ಕೊಟ್ಟರು. ಒಂದನೇ ಕ್ಲಾಸಿನವರಿಗೆ ಸಂಘ ಇಲ್ಲ. ನಾವು ತಂದೆತಾಯಂದಿರೂ ಸುಮ್ನೆ ಇದ್ದೆವು. ನಾನೂ ಸುಮ್ಮನಿದ್ದೆ. ಅದು ನನಗೆ ಇವತ್ತಿಗೂ ನೋಯುತ್ತದೆ.

ನಿಜವಾಗಿ ದೊಡ್ಡ ರೋಗ ಮತ್ತೆ ಬಂದರೆ ಏನು ಮಾಡುವುದು ಎಂದು ಕೇಳುತ್ತೀರಿ. ಬರಬಹುದು. ಈ ಊರು 1896ರಲ್ಲಿ ಪ್ಲೇಗ್ ನೋಡಿದ ಊರು. ಆಗಲೂ ಜನ ಗಂಟು ಕಟ್ಟಿಕೊಂಡು ಓಡಿದ್ದರು. ಆ ಪ್ಲೇಗಿಗಾಗಿ 1897ರಲ್ಲಿ ಮಾಡಿದ ಕಾಯಿದೆಯನ್ನೇ 2020ರಲ್ಲೂ ಇಲ್ಲಿ ಜಾರಿ ಮಾಡಿದರು. ಆರಂಭದಲ್ಲಿ, ರೋಗ ಎಂಥದ್ದು ಎಂದೇ ಗೊತ್ತಿಲ್ಲದಾಗ ಕೆಲವು ವಾರ ಶಾಲೆ ಮುಚ್ಚಿದರೆ ನಾನು ಬೇಡ ಎನ್ನುವುದಿಲ್ಲ. ಆದರೆ ಮುಚ್ಚುವ ದಿನವೇ ಯಾವಾಗ ಮತ್ತೆ ನೋಡುತ್ತೇವೆ ಎಂದು ತಾರೀಕು ಹೇಳಲಿ. ಇಡೀ ನಗರಕ್ಕೆ ಒಂದೇ ಬೀಗ ಬೇಡ, ಕೇಸು ಇರುವ ವಾರ್ಡಿಗೆ ಮಾತ್ರ ಸಾಕು. ಬೆಳಿಗ್ಗೆ ಅರ್ಧ ಮಕ್ಕಳು, ಮಧ್ಯಾಹ್ನ ಅರ್ಧ ಮಕ್ಕಳು ಬರಲಿ, ಕಿಟಕಿ ತೆರೆದಿರಲಿ. ಮಧ್ಯಾಹ್ನದ ಬಿಸಿಯೂಟ ಒಂದು ದಿನವೂ ನಿಲ್ಲಬಾರದು. ನಮ್ಮ ಕರ್ನಾಟಕದಲ್ಲಿ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಶುರು ಮಾಡಿದ್ದರು. ಟೀಚರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಮರದ ಕೆಳಗೆ, ಗುಡಿಯ ಕಟ್ಟೆಯಲ್ಲಿ ಪಾಠ ಹೇಳುತ್ತಿದ್ದರು. ಅಕ್ಟೋಬರ್‌ನಲ್ಲಿ ಟೀಚರುಗಳ ಸಾವಿನ ಸುದ್ದಿ ಬಂದು ನಿಲ್ಲಿಸಬೇಕಾಯಿತು. ಆಗ ಅವರಿಗೆ ಲಸಿಕೆ ಇರಲಿಲ್ಲ. ಮುಂದಿನ ಸಲ ಲಸಿಕೆ ಬಂದರೆ ಡಾಕ್ಟರು, ನರ್ಸುಗಳ ಬೆನ್ನಿಗೇ ಟೀಚರುಗಳನ್ನು ನಿಲ್ಲಿಸಿ. ಅಷ್ಟು ಮಾಡಿದರೆ ಗುಡ್ಡದ ಮೇಲಿನ ಚಾಳಿಗೂ ಪಾಠ ಹೋಗುತ್ತದೆ.

ಅಲ್ಲಿಯವರೆಗೆ ಒಂದು ಕೇಳಿಕೊಳ್ಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ‘ಯಾವುದಕ್ಕೂ ಇರಲಿ’ ಎಂದು ಮೆಸೇಜ್ ಮುಂದಕ್ಕೆ ಕಳಿಸುತ್ತೀರಲ್ಲ, ಅದು ನಿಮ್ಮ ಫೋನಿನಿಂದ ನಿಮ್ಮ ಡ್ರೈವರಿಗೆ ಹೋಗುತ್ತದೆ, ಅಲ್ಲಿಂದ ಕಟ್ಟಡದ ಕೂಲಿಗಳಿಗೆ. ನಿಮಗೆ ಅದು ಎರಡು ಕೆಜಿ ಜಾಸ್ತಿ ಅಕ್ಕಿ ತರುವ ವಿಷಯ. ಅವರು ಎರಡು ತಿಂಗಳ ಉಳಿತಾಯ ಹಾಕಿ ಊರಿನ ಕಡೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ರೈಲು ಹತ್ತುತ್ತಾರೆ, ಮಕ್ಕಳ ಹೆಸರು ಹಾಜರಿ ಪುಸ್ತಕದಿಂದ ಹೋಗುತ್ತದೆ.

ನನ್ನ ಮಾತಿಗೆ ಅವಳು ಟಿಕೆಟ್ ಮಾಡಿಸಲಿಲ್ಲ. ಚಿಕ್ಕ ಮಗಳಿಗೆ ಆರು ವರ್ಷ ತುಂಬಿದೆ, ಇನ್ನೂ ಎಲ್ಲೂ ಹೆಸರು ಹಚ್ಚಿಲ್ಲ. ಶಾಲೆ ಬಂದ್ ಆಗುತ್ತದೆ, ಯಾಕೆ ಹಚ್ಚುವುದು ಎಂದು ಅವಳ ಗಂಡ ಹೇಳುತ್ತಿದ್ದನಂತೆ. ಜನ್ಮ ದಾಖಲೆ ಊರಿನಲ್ಲಿದೆ, ಅದರ ಫೋಟೋ ವಾಟ್ಸಾಪಿನಲ್ಲಿ ತರಿಸಿದ್ದೇವೆ. ಸೋಮವಾರ ಒಂಬತ್ತಕ್ಕೆ ನಾನೇ ಅವಳ ಜೊತೆ ಮುನ್ಸಿಪಾಲಿಟಿ ಶಾಲೆಗೆ ಹೋಗುತ್ತಿದ್ದೇನೆ. ದೊಡ್ಡವಳೂ ಬರುತ್ತಾಳಂತೆ, ತಂಗಿಯ ಕೈ ಹಿಡಿದುಕೊಂಡು.